ಪೇಷಂಟಕ್ಕನ ನಿದ್ದೆ

ಹನ್ನೊಂದು ವರ್ಷದಲ್ಲಿ ಪೇಷಂಟಕ್ಕ ನಾನೂರಕ್ಕೂ ಹೆಚ್ಚು ಸಲ ಅಪಘಾತಕ್ಕೆ ಸಿಕ್ಕಿದ್ದಳು. ಕುಸಿದ ಗೋಡೆಯ ಕೆಳಗೆ, ಮಗುಚಿದ ಬಸ್ಸಿನ ಸೀಟಿನ ಸಂದಿಯಲ್ಲಿ, ಒಣಬಾವಿಯ ತಳದಲ್ಲಿ, ಒಮ್ಮೆ ಖಾಲಿ ನೀರಿನ ಟ್ಯಾಂಕಿನೊಳಗೆ, ಹೀಗೆ ಮನುಷ್ಯರು ಎಲ್ಲೆಲ್ಲಿ ಸಿಕ್ಕಿಕೊಳ್ಳಬಹುದೋ ಅಲ್ಲೆಲ್ಲ ಮಲಗಿ, ನರಳಿ, ಸಂಜೆ ಐದಕ್ಕೆ ಎದ್ದು ಧೂಳು ಕೊಡವಿಕೊಂಡು ಬಸ್ಸು ಹಿಡಿದು ಮನೆಗೆ ಹೋಗುತ್ತಿದ್ದಳು.

"ಇವತ್ತು ಏನಾಗಿತ್ತಕ್ಕ?" ಅಂತ ತಂಗಿ ಬಾಗಿಲಲ್ಲೇ ಕೇಳುವಳು.

"ಬಲಗಾಲು ಜಜ್ಜಿತ್ತು. ಪಕ್ಕೆಲುಬು ಎರಡು ಹೋಗಿತ್ತು. ಊಟಕ್ಕೆ ಹಾಕು."

ಅವಳು ಆ ರಕ್ಷಣಾ ತರಬೇತಿ ಕೇಂದ್ರಕ್ಕೆ ಮೊದಲು ಬಂದದ್ದು ದರ್ಜಿಯಾಗಿ. ಸ್ಟ್ರೆಚರಿನ ಪಟ್ಟಿ, ಸೊಂಟಕ್ಕೆ ಕಟ್ಟುವ ಬೆಲ್ಟು, ಹಗ್ಗದ ಚೀಲ ಎಲ್ಲ ಹೊಲಿಯೋದು ಅವಳ ಕೆಲಸ. ಒಂದು ದಿನ ರೋಗಿಯ ಬದಲು ಮಲಗಿಸುವ ರಬ್ಬರ್ ಗೊಂಬೆಯ ಕತ್ತು ಹರಿಯಿತು. ಅದನ್ನು ಹೊಲಿದುಕೊಡಿ ಅಂತ, ಹಗ್ಗ ಕಟ್ಟೋದು ಕಲಿಸುವ ಹಗ್ಗದ ಮೇಷ್ಟ್ರು ಅವಳ ಹತ್ತಿರ ಹೊತ್ತು ತಂದರು. ಇವಳು ತಿರುಗಿಸಿ ಮುರುಗಿಸಿ ನೋಡಿ, "ಇದಕ್ಕೆ ಸಂಜೆ ಆಗುತ್ತೆ ಮೇಷ್ಟ್ರೇ," ಅಂದಳು. "ಹಾಗಾದ್ರೆ ಅಲ್ಲೀವರೆಗೆ ನೀವೇ ಒಂಚೂರು ಮಲಗಿಕೊಳ್ಳಿ ಅಕ್ಕ," ಅಂದರು ಮೇಷ್ಟ್ರು. ಗೊಂಬೆ ನರಳುತ್ತಿರಲಿಲ್ಲ, ನೀರು ಕೇಳುತ್ತಿರಲಿಲ್ಲ, ಮನೆಯವರಿಗೆ ಯಾರು ಹೇಳ್ತಾರೆ ಅಂತ ಅಳುತ್ತಿರಲಿಲ್ಲ. ಇವಳು ಎಲ್ಲವನ್ನೂ ಮಾಡಿದಳು. ಆಮೇಲೆ ಆ ಗೊಂಬೆಯ ಸುದ್ದಿಯನ್ನೇ ಯಾರೂ ಎತ್ತಲಿಲ್ಲ.

ಕೇಂದ್ರದ ಹಿತ್ತಲಿನಲ್ಲಿ ಬೇಕಂತಲೇ ಕೆಡವಿದ ಕಟ್ಟಡವೊಂದಿತ್ತು. ಓರೆಯಾಗಿ ಒರಗಿದ ಚಪ್ಪಡಿಗಳು, ಎಲ್ಲಿಗೂ ಹೋಗದ ಮೆಟ್ಟಿಲು, ಅವುಗಳ ನಡುವೆ ತೂರಿಸಿದ ಎರಡೂವರೆ ಅಡಿ ಅಗಲದ ಸಿಮೆಂಟ್ ಪೈಪು. ಆಂಬುಲೆನ್ಸಿನಲ್ಲಿ ದುಡಿದು ಕೈ ಪಳಗಿದವರು ಎಂಟು ವಾರ ಇಲ್ಲಿಗೆ ಬರುತ್ತಿದ್ದರು. ಗೋಡೆ ಒಡೆಯುವವರಿಗೆ ಔಷಧ ಗೊತ್ತಿಲ್ಲ, ಔಷಧ ಗೊತ್ತಿದ್ದವರಿಗೆ ಸಂದಿಯೊಳಗೆ ತೆವಳೋದು ಗೊತ್ತಿಲ್ಲ. ಎರಡನ್ನೂ ಒಬ್ಬರಿಗೇ ಕಲಿಸಿ, ರೋಗಿ ಇನ್ನೂ ಒಳಗಿರುವಾಗಲೇ ಚಿಕಿತ್ಸೆ ಶುರು ಮಾಡಿಸೋದು ಮೇಷ್ಟ್ರ ಪಾಠ.

ಆ ಪಾಠದಲ್ಲಿ ಹತ್ತೆಣಿಕೆ ಅಂತ ಒಂದು ಕಟ್ಟಳೆ ಇತ್ತು. ರೋಗಿಯ ಹತ್ತಿರ ತಲುಪಿದ ಮೇಲೆ ಮಾತು ನಿಲ್ಲಕೂಡದು. ಪೇಷಂಟಕ್ಕನ ಕಾಲರಿಗೆ ಸಣ್ಣ ಮೈಕು ಸಿಕ್ಕಿಸಿ, ಮೇಷ್ಟ್ರು ಹೊರಗಿನ ಶೆಡ್ಡಿನಲ್ಲಿ ಹೆಡ್‌ಫೋನ್ ಕಿವಿಗೆ ಇಟ್ಟುಕೊಂಡು ಕೂರುತ್ತಿದ್ದರು. ಕತ್ತಲಲ್ಲಿ ಬಿದ್ದವರಿಗೆ ಹತ್ತು ಎಣಿಸುವಷ್ಟು ಹೊತ್ತು ಸದ್ದಿಲ್ಲದಿದ್ದರೆ ಬಂದವನು ಬಿಟ್ಟು ಹೋದ ಅನ್ನಿಸುತ್ತಂತೆ. ಮಾತು ನಿಂತಾಗಲೆಲ್ಲ ಎಷ್ಟು ಎಣಿಕೆ ಅಂತ ಮೇಷ್ಟ್ರು ಹಾಳೆಯಲ್ಲಿ ಬರೆದುಕೊಳ್ಳುವರು, ಹತ್ತು ದಾಟಿದರೆ ಒಂದು ಗೀಟು. ಮೂರು ಗೀಟಾದರೆ ಫೇಲು.

ಗುಮ್ಮನಿಗೆ ಮೊದಲ ಪರೀಕ್ಷೆಯಲ್ಲಿ ಹದಿನಾಲ್ಕು ಗೀಟು ಬಿದ್ದಿತ್ತು, ಎರಡನೆಯದರಲ್ಲಿ ಹನ್ನೊಂದು.

ಒಂಬತ್ತು ವರ್ಷ ಆಂಬುಲೆನ್ಸಿನಲ್ಲಿ ದುಡಿದವನು ಅವನು. ತುಟಿ ಪಿಟಕ್ಕೆನ್ನದ ಗುಮ್ಮನಗುಸುಕ ಅಂತ ಜೊತೆಯವರು ಇಟ್ಟ ಹೆಸರು ಸವೆದು ಸವೆದು ಗುಮ್ಮ ಆಗಿತ್ತು. ಅವನ ಕೈ ಎಂಥದು ಅಂತ ಪೇಷಂಟಕ್ಕನಿಗೆ ಗೊತ್ತು. ನಾನೂರು ಸಲ ಜನರ ಕೈಯಲ್ಲಿ ಎತ್ತಿಸಿಕೊಂಡವಳಲ್ಲವೇ. ಕೆಲವರ ಕೈ ತಕ್ಕಡಿಗೆ ತರಕಾರಿ ಎತ್ತಿಹಾಕಿದ ಹಾಗೆ. ಇವನದು ತೆಳು ಬಟ್ಟೆಗೆ ಕತ್ತರಿ ಹಾಕುವವನ ಕೈ. ಆದರೆ ಬಾಯಿ ಮಾತ್ರ ಪೈಪಿನ ಹೊರಗೇ ಉಳಿಯುತ್ತಿತ್ತು. ಮೂರನೆಯ ಸಲವೂ ಫೇಲಾದರೆ ರಕ್ಷಣಾ ತಂಡವಿರಲಿ, ಆಂಬುಲೆನ್ಸೂ ಇಲ್ಲ, ಉಗ್ರಾಣದಲ್ಲಿ ಪೆಟ್ಟಿಗೆ ಜೋಡಿಸೋ ಕೆಲಸ ಅಂತ ಮೇಲಿನವರ ಕಾಗದ ಬಂದಿತ್ತು.

ಪರೀಕ್ಷೆಯ ದಿನ ಚಹಾದ ಹೊತ್ತಿನಲ್ಲಿ ಅವಳು ಅವನ ಪಕ್ಕ ಹೋಗಿ ಕೂತಳು.

"ನನ್ನ ಹತ್ರ ಮಾತಾಡೋಕೆ ಏನಪ್ಪ ಕಷ್ಟ? ನಾನೇನು ನಿನ್ನ ಅತ್ತೆಯೇ?"

ಗುಮ್ಮ ಲೋಟದೊಳಗೆ ನೋಡಿದ. "ಇಲ್ಲಕ್ಕ."

"ಬರೀ ಸುಳ್ಳಾದ್ರೂ ಹೇಳು. 'ಏನೂ ಆಗಲ್ಲ ಅಮ್ಮ, ಹೆದರಬೇಡಿ' ಅಂತ ಅದನ್ನೇ ಹತ್ತು ಸಲ ಹೇಳಿದ್ರೂ ಪಾಸು. ಎಲ್ಲರೂ ಅದನ್ನೇ ಹೇಳೋದು."

ಅವನ ಮುಖ ಬಾಗಿಲು ಹಾಕಿಕೊಂಡ ಹಾಗಾಯಿತು. "ಅದೊಂದು ನನ್ನ ಕೈಲಾಗಲ್ಲಕ್ಕ," ಅಂದು ಲೋಟ ತೊಳೆದಿಟ್ಟು ಹೊರಟುಹೋದ.

ಮಧ್ಯಾಹ್ನ ಎರಡಕ್ಕೆ ಅವಳನ್ನು ಪೈಪಿನ ಆ ತುದಿಯಲ್ಲಿ ಮಲಗಿಸಿದರು. ಬಲಗಾಲಿನ ಮೇಲೆ ಸಿಮೆಂಟ್ ಬಣ್ಣ ಬಳಿದ ಮರದ ಪೆಟ್ಟಿಗೆ. ಅದರ ಭಾರ ಪಕ್ಕದ ಗೂಟಗಳ ಮೇಲೆ, ನೋಡುವವರಿಗೆ ಮಾತ್ರ ಕಾಲಿನ ಮೇಲೆ. ಕೈಗೆ ಗಂಟೆಯ ಹಗ್ಗ ಕೊಟ್ಟರು. ನಿಜವಾಗಿ ಏನಾದರೂ ಆದರೆ ಎಳೆಯಬೇಕು, ಎಲ್ಲ ನಿಲ್ಲುತ್ತದೆ. ಕುತ್ತಿಗೆಗೆ ಚೀಟಿ ಕಟ್ಟಿದರು: ಎಚ್ಚರವಿದೆ, ಮಾತಾಡುತ್ತಾಳೆ, ಕಾಲು ಸಿಕ್ಕಿ ಎರಡು ಗಂಟೆಯಾಗಿದೆ.

ಗುಮ್ಮನಿಗಿಂತ ಮುಂಚಿನ ತಂಡದ, ಭಾರ ಎತ್ತುವ ಜಾಕ್ ಎಲ್ಲೋ ಕಚ್ಚಿಕೊಂಡಿತು. ರಿಪೇರಿ ಅಂತ ಯಾರೋ ಕೂಗಿದರು. "ಅಕ್ಕ, ಅರ್ಧ ಗಂಟೆ, ಹೊರಗೆ ಬರ್ತೀರಾ?" "ಬೇಡಪ್ಪ, ಮತ್ತೆ ತೆವಳೋಕೆ ಮಂಡಿಗೆ ಆಗಲ್ಲ, ಇಲ್ಲೇ ಇರ್ತೀನಿ," ಅಂದಳು. ಅರ್ಧ ಗಂಟೆ ಒಂದೂಕಾಲು ಗಂಟೆಯಾಯಿತು.

ಹನ್ನೊಂದು ವರ್ಷದಲ್ಲಿ ಅವಳು ಒಂದು ದಿನವೂ ಕೆಲಸದಲ್ಲಿ ನಿದ್ದೆ ಮಾಡಿದವಳಲ್ಲ. ಅದು ಅವಳ ಹೆಮ್ಮೆ. ಆದರೆ ಆ ಮಧ್ಯಾಹ್ನ ಪೈಪು ತಣ್ಣಗಿತ್ತು. ದೂರದ ಸುತ್ತಿಗೆಯ ಸದ್ದು ಸಿಮೆಂಟಿನೊಳಗೆ ಹಾದು ಬರುವಾಗ ಮೆತ್ತಗಾಗಿ, ಯಾರೋ ಪಕ್ಕದ ಮನೆಯಲ್ಲಿ ದಿಂಬು ತಟ್ಟುತ್ತಿದ್ದಾರೆ ಅನ್ನಿಸುತ್ತಿತ್ತು. ಪೈಪಿನ ಬಾಯಲ್ಲಿ ಬೆಳಕು ಒಂದು ಗುಂಡಿಯಷ್ಟಿತ್ತು, ಅಂಗಿಗೆ ಹೊಲಿಯುವ ಬಿಳಿ ಗುಂಡಿ. ಅವಳು ಅದನ್ನೇ ನೋಡಿದಳು. ಗುಂಡಿಗೆ ನಾಲ್ಕು ತೂತು ಬಂದವು. ತೂತಿನಿಂದ ದಾರ ಬಂತು.

ದಾರದ ಹಿಂದೆ ಬಟ್ಟೆ ಬಂತು. ಬೂದು ಬಣ್ಣದ ಬಟ್ಟೆ, ಥಾನುಗಟ್ಟಲೆ, ಮುಗಿಯುವ ಹಾಗೇ ಇಲ್ಲ. ಅವಳು ಹೊಲಿಯುತ್ತಲೇ ಇದ್ದಳು. ಹೊಲಿದದ್ದು ಒಂದು ದೊಡ್ಡ ಕೋಟು, ಬೀದಿಯಷ್ಟು ದೊಡ್ಡದು. ಹೊಲಿಯುತ್ತ ಹೊಲಿಯುತ್ತ ಅದರ ಒಳಗೇ ಉಳಿದುಬಿಟ್ಟಳು. ಒಳಗೆ ಬೆಚ್ಚಗಿತ್ತು. ತೀರಿಹೋದ ಅಮ್ಮ ಅದೇ ಕೋಟಿನ ಇನ್ನೊಂದು ಮೂಲೆಯಲ್ಲಿ ಕೂತು ಅಂಚು ಮಡಚುತ್ತಿದ್ದಳು. "ಬಾಗಿಲು ಇಡೋದು ಮರೆತೆಯಲ್ಲೇ," ಅಂದಳು ಅಮ್ಮ. "ತೋಳು ಇದೆಯಲ್ಲಮ್ಮ," ಅಂದಳು ಇವಳು. ಹೌದು, ಉದ್ದನೆಯ ತೋಳಿತ್ತು. ಆ ತೋಳಿನೊಳಗಿಂದ ಯಾರೋ ಮಾತಾಡುತ್ತ ಬರುತ್ತಿದ್ದರು.

"...ಈಗ ನಿಮ್ಮ ಎಡಗೈ ಹಿಡ್ಕೊಂಡಿದೀನಿ. ಬೆಚ್ಚಗಿದೆ. ಬೆರಳಿಗೆ ಸೂಜಿಯ ಗಂಟು ಇದೆ. ನಮ್ಮ ಅಜ್ಜಿಗೂ ಹೀಗೇ ಇತ್ತು, ಅವಳು ಹಾಸಿಗೆ ಹೊಲಿಯೋಳು..."

ಯಾರಪ್ಪ ಇದು, ಅಂದುಕೊಂಡಳು ಪೇಷಂಟಕ್ಕ. ಒಳ್ಳೆ ದನಿ. ಸ್ವಲ್ಪ ತುಕ್ಕು ಹಿಡಿದ ಬಾಗಿಲಿನ ಹಾಗಿದೆ, ಎಣ್ಣೆ ಹಾಕಿದರೆ ಸರಿಹೋಗುತ್ತೆ.

"...ಸಲೈನ್ ಕೊಳವೆಗೆ ಜಾಗ ಹುಡುಕ್ತಿದೀನಿ. ಹಾಂ, ಸಿಕ್ತು. ಈಗ ಪಟ್ಟಿ ಕಟ್ತೀನಿ, ಸ್ವಲ್ಪ ಬಿಗಿ ಅನ್ನಿಸುತ್ತೆ..."

ಬಿಗಿಯಾಯಿತು. ಕೋಟು ಕರಗಿತು, ಅಮ್ಮ ಹೋದಳು, ಬೆನ್ನಿನ ಕೆಳಗೆ ಸಿಮೆಂಟು ಬಂತು. ತಾನು ನಿದ್ದೆ ಹೋಗಿದ್ದೆ. ಪರೀಕ್ಷೆ ನಡೀತಿದೆ. ಚೀಟಿಯಲ್ಲಿ ಎಚ್ಚರವಿದೆ ಅಂತ ಬರೆದಿದೆ. ಮಾತಾಡುತ್ತಿರುವವನು ಗುಮ್ಮ.

ಕಣ್ಣು ಬಿಡಬೇಕು ಅಂತ ರೆಪ್ಪೆಯವರೆಗೂ ಬಂದವಳು ಅಲ್ಲೇ ನಿಂತಳು. ನಿದ್ದೆಯಲ್ಲಿದ್ದಾಳೆ ಅಂತ ತಿಳಿದು ಮಾತಾಡುತ್ತಿದ್ದಾನೆ. ತಾನು ಕಣ್ಣು ಬಿಟ್ಟ ಕ್ಷಣ ಆ ಬಾಗಿಲು ಮುಚ್ಚಿಕೊಳ್ಳುತ್ತದೆ. ಆಮೇಲೆ ಮೂರು ಗೀಟು ಬೀಳೋದಕ್ಕೆ ಎಷ್ಟು ಹೊತ್ತು? ಅವಳು ಉಸಿರನ್ನು ನಿಧಾನ ಮಾಡಿ, ಬಾಯಿ ಸ್ವಲ್ಪ ತೆರೆದು, ಇನ್ನೂ ನಿದ್ದೆಯಲ್ಲಿರುವವಳ ಹಾಗೆ ಮಲಗಿದಳು. ಎಂಥೆಂಥ ನಾಟಕವನ್ನೋ ಆಡಿದವಳಿಗೆ ಇದೇನು ಮಹಾ.

"ಈಗ ಟಾರ್ಚ್ ಬಿಟ್ಟು ಕಣ್ಣು ನೋಡ್ತೀನಿ," ಅಂದ ಗುಮ್ಮ.

ಹೆಬ್ಬೆರಳು ಅವಳ ರೆಪ್ಪೆ ಎತ್ತಿತು. ಬೆಳಕು ಬಂತು, ಹೋಯಿತು. ರೆಪ್ಪೆಯನ್ನು ಮೆಲ್ಲಗೆ ಇಳಿಸಿದ. ಇನ್ನೊಂದು ಕಣ್ಣು. ಅದನ್ನೂ ಇಳಿಸಿದ.

ಮಾತು ನಿಂತಿತು.

ಅವಳು ಎಣಿಸತೊಡಗಿದಳು. ಒಂದು. ಎರಡು. ಪೈಪಿನ ಬಾಯಲ್ಲಿ ಅವನ ಜೊತೆಯ ಇಬ್ಬರು ಮರದ ದಿಮ್ಮಿಗಳನ್ನು ಸರಿಸುವ ಸದ್ದು. ನಾಲ್ಕು. ಐದು. ಅವನ ಉಸಿರು ಅವಳ ಹಣೆಗೆ ತಾಗುತ್ತಿತ್ತು. ಏನಾದರೂ ಅನ್ನು ಮಾರಾಯ. ಏಳು. ಎಂಟು. ಸುಮ್ಮನೆ ಕೆಮ್ಮು ಬೇಕಾದರೆ. ಒಂಬತ್ತು.

"ಎರಡು ವರ್ಷದ ಹಿಂದೆ ಒಂದು ಬಸ್ಸು ಹಳ್ಳಕ್ಕೆ ಬಿದ್ದಿತ್ತು," ಅಂದ ಗುಮ್ಮ. "ಒಬ್ರು ಯಜಮಾನ್ರು ಸೀಟಿನ ಮಧ್ಯೆ ಸಿಕ್ಕಿಕೊಂಡಿದ್ರು. ನಲವತ್ತು ನಿಮಿಷ ಅವರ ಪಕ್ಕ ಇದ್ದೆ. ಏನೂ ಆಗಲ್ಲ, ಸಂಜೆಗೆ ಮನೆ ಸೇರ್ತೀರಿ ಅಂತ ಹೇಳ್ತಾನೇ ಇದ್ದೆ. ಅವರು ನಂಬಿಕೊಂಡು ಹೂಂ ಅಂತಿದ್ರು. ಕೊನೇ ಹೂಂ ಯಾವುದು ಅಂತಾನೂ ನನಗೆ ಗೊತ್ತಾಗ್ಲಿಲ್ಲ." ಅವನ ಕೈ ಕೆಲಸ ಮಾಡುತ್ತಲೇ ಇತ್ತು, ಸೂಜಿಯಿಲ್ಲದ ಕೊಳವೆಯನ್ನು ಅವಳ ತೋಳಿಗೆ ಅಂಟಿಸುತ್ತಿತ್ತು. "ಅದಕ್ಕೇ ನಿಮಗೆ ಏನೂ ಆಗಲ್ಲ ಅಂತ ನಾನು ಹೇಳಲ್ಲ. ನನಗೆ ಗೊತ್ತಿರೋದನ್ನ ಮಾತ್ರ ಹೇಳ್ತೀನಿ. ಈಗ ಸಲೈನ್ ಬಿಟ್ಟಿದೀನಿ. ಕಾಲಿನ ಮೇಲಿರೋ ಚಪ್ಪಡಿ ಆಮೇಲೆ ಎತ್ತೋದು. ಮೊದಲೇ ಎತ್ತಿದ್ರೆ ಜಜ್ಜಿದ ಕಡೆಯ ಕೆಟ್ಟ ರಕ್ತ ಒಮ್ಮೆಲೇ ಹೃದಯಕ್ಕೆ ನುಗ್ಗುತ್ತೆ. ಹೊರಗಿನವರು ಬೇಗ ಬೇಗ ಅಂತಾರೆ. ನಾವು ಕಾಯೋಣ. ನೀವೂ ನಾನೂ."

ಅವಳ ಕಣ್ಣಿನ ತುದಿಯಿಂದ ನೀರು ಇಳಿದು ಕಿವಿಯ ಕಡೆ ಹೋಯಿತು. ತಡೆಯಲು ಅವಳ ಕೈಲಾಗಲಿಲ್ಲ.

"ಧೂಳು ಜಾಸ್ತಿ ಇಲ್ಲಿ," ಅಂದ ಗುಮ್ಮ. ಒಂದು ಹತ್ತಿ ತುಂಡಿನಿಂದ ಅದನ್ನು ಒರೆಸಿದ.

ಆಮೇಲೆ ಅವನ ಮಾತು ನಿಲ್ಲಲೇ ಇಲ್ಲ. ಜಾಕು ಒಂದಿಂಚು ಎತ್ತಿದಾಗ ಒಂದಿಂಚು ಅಂದ, ಕೆಳಗೆ ದಿಮ್ಮಿ ತೂರಿಸಿದಾಗ ದಿಮ್ಮಿ ಅಂದ, ಕಾಲು ಬಿಡಿಸಿದಾಗ "ಇದು ನಿಮ್ಮ ಕಾಲು, ಇದನ್ನ ನಾನು ಹಿಡ್ಕೊಂಡಿದೀನಿ," ಅಂದ. ಅವಳು ಕಣ್ಣುಮುಚ್ಚಿಯೇ ಸ್ಟ್ರೆಚರ್ ಹತ್ತಿದಳು. ತಾನೇ ಹೊಲಿದ ಪಟ್ಟಿ ಎದೆಯ ಮೇಲೆ ಬಂತು. ಪೈಪು ಜಾರಿ ಜಾರಿ ಹಿಂದಕ್ಕೆ ಹೋಯಿತು. ರೆಪ್ಪೆಯ ಒಳಗೆ ಕಪ್ಪು ಬೂದಾಯಿತು, ಬೂದು ಕೆಂಪಾಯಿತು, ಮುಖಕ್ಕೆ ಬಿಸಿಲು ಬಿತ್ತು. ಆಗ ಎದ್ದು ಕೂತು ಆಕಳಿಸಿದಳು.

ಶೆಡ್ಡಿನಿಂದ ಹಗ್ಗದ ಮೇಷ್ಟ್ರು ಹಾಳೆ ಹಿಡಿದುಕೊಂಡು ಬಂದರು. ಅವರ ಮುಖ ನಗಬೇಕೋ ಬೇಡವೋ ಅನ್ನೋ ಹಾಗಿತ್ತು.

"ಅಕ್ಕ, ಮೈಕಿನಲ್ಲಿ ನಿಮ್ಮ ಗೊರಕೆ ಕೇಳಿಸ್ತು."

"ನಾನು ಗೊರಕೆ ಹೊಡೆಯಲ್ಲ ಮೇಷ್ಟ್ರೇ."

"ಇವನು ನಿಮ್ಮ ಉಸಿರು ನೋಡಿ, ನಾಡಿ ಹಿಡಿದು, ಅರವತ್ತೆರಡು, ಮಲಗಿದಾರೆ, ಗಾಬರಿ ಬೇಡ ಅಂತ ಹೇಳಿದ್ದಕ್ಕೆ ನಾನು ಸುಮ್ಮನಾದೆ. ಇಲ್ಲದಿದ್ರೆ ನಾನೇ ಪೈಪಿಗೆ ನುಗ್ತಿದ್ದೆ." ಅವರು ಗುಮ್ಮನ ಕಡೆ ತಿರುಗಿದರು. "ಒಂದು ಗೀಟೂ ಇಲ್ಲ ಕಣಯ್ಯ. ಆದ್ರೆ ನಿದ್ದೆ ಮಾಡೋರ ಹತ್ರ ಯಾರು ಬೇಕಾದ್ರೂ ಮಾತಾಡ್ತಾರೆ. ಕಣ್ಣುಬಿಟ್ಟು ನಿನ್ನನ್ನೇ ನೋಡೋರ ಹತ್ರ ಮಾತಾಡಬೇಕು, ಅದು ಪರೀಕ್ಷೆ. ಇದನ್ನ ಹೇಗೆ ಪಾಸು ಅಂತ ಬರೀಲಿ?"

ಗುಮ್ಮ ಹೆಲ್ಮೆಟ್ಟಿನ ಪಟ್ಟಿ ಬಿಚ್ಚುತ್ತಿದ್ದ.

ಪೇಷಂಟಕ್ಕನಿಗೆ ತಡೆಯಲಾಗಲಿಲ್ಲ. "ಕೈಗೆ ಪಟ್ಟಿ ಕಟ್ಟಿದಾಗಲೇ ನನಗೆ ಎಚ್ಚರ ಆಯ್ತು. ಅಲ್ಲಿಂದ ಎಲ್ಲ ಕೇಳಿಸಿಕೊಂಡೆ. ಬೇಕಂತಲೇ ಕಣ್ಣು ಬಿಡಲಿಲ್ಲ. ತಪ್ಪು ನಂದು, ಬರಕೊಳ್ಳಿ."

"ನೀವು ಎಚ್ಚರ ಇದ್ರಿ, ಸರಿ. ಅವನಿಗೆ ಗೊತ್ತಿರಲಿಲ್ಲವಲ್ಲ."

"ಗೊತ್ತಿತ್ತು," ಅಂದ ಗುಮ್ಮ.

ಇಬ್ಬರೂ ಅವನನ್ನು ನೋಡಿದರು.

"ನಿದ್ದೆಯಲ್ಲಿರೋರ ರೆಪ್ಪೆ ಎತ್ತಿದ್ರೆ ಸಡಿಲವಾಗಿ ಮೇಲೆ ಬರುತ್ತೆ. ಅಕ್ಕನದು ಹೆಬ್ಬೆರಳಿನ ಜೊತೆ ಜಗಳಕ್ಕೆ ನಿಂತಿತ್ತು." ಅವನು ಹೆಲ್ಮೆಟ್ಟನ್ನು ಕಂಕುಳಿಗೆ ಇಟ್ಟುಕೊಂಡ. "ಟಾರ್ಚ್ ಬಿಟ್ಟಾಗ."

ಮೇಷ್ಟ್ರು ಹಾಳೆಯನ್ನು ಕಣ್ಣಿನ ಹತ್ತಿರ ತಂದರು. ಬೆರಳು ಸಾಲಿನಿಂದ ಸಾಲಿಗೆ ಇಳಿದು ಒಂದು ಕಡೆ ನಿಂತಿತು. ಟಾರ್ಚ್, ಅಂತ ಅಲ್ಲಿ ಬರೆದಿತ್ತು, ಪಕ್ಕದಲ್ಲಿ ಒಂಬತ್ತು. ಅದರ ಕೆಳಗೆ, ಅಲ್ಲಿಂದ ಕೊನೆಯವರೆಗೆ, ಮೂರು, ಎರಡು, ಎರಡು, ನಾಲ್ಕು, ಎರಡು. ಅವರು ಜೇಬಿನಿಂದ ಪೆನ್ನು ತೆಗೆದರು. ಶೆಡ್ಡಿಗೆ ಹೋಗುವವರೆಗೂ ಕಾಯದೆ, ಅಲ್ಲೇ ಸ್ಟ್ರೆಚರಿನ ಅಂಚಿನ ಮೇಲೆ ಹಾಳೆ ಇಟ್ಟು ಪಾಸು ಅಂತ ಬರೆದರು.

"ಪೇಷಂಟ್ ಮಲಗಿದರೆ ಏನು ಮಾಡಬೇಕು ಅಂತ ಪುಸ್ತಕದಲ್ಲಿ ಎಲ್ಲೂ ಇಲ್ಲ," ಅಂತ ತಮ್ಮಷ್ಟಕ್ಕೆ ಗೊಣಗುತ್ತ ಹೋದರು. "ಸೇರಿಸಬೇಕು."

ಗುಮ್ಮ ಪೇಷಂಟಕ್ಕನಿಗೆ ಕೈ ಕೊಟ್ಟು ಎಬ್ಬಿಸಿದ. ಅವಳ ಬಲಗಾಲು ಜೋಮು ಹಿಡಿದಿತ್ತು. ಇಬ್ಬರೂ ಕೆಡವಿದ ಕಟ್ಟಡದ ನೆರಳು ದಾಟಿ ಗೇಟಿನ ಕಡೆ ನಿಧಾನ ನಡೆದರು. ಸಂಜೆಯ ಬಿಸಿಲಿನಲ್ಲಿ ಧೂಳು ಇನ್ನೂ ಇಳಿದಿರಲಿಲ್ಲ, ಹಿತ್ತಲೆಲ್ಲ ಅರ್ಧ ಹೊಲಿದ ಬಟ್ಟೆಯ ಹಾಗೆ ತೆಳ್ಳಗೆ ಹೊಳೆಯುತ್ತಿತ್ತು.

"ಈಗ ಮೆಟ್ಟಿಲು ಬರುತ್ತೆ ಅಕ್ಕ," ಅಂದ ಗುಮ್ಮ. "ಎರಡೇ. ಮೊದಲನೇದು ಸ್ವಲ್ಪ ಎತ್ತರ."

ಹನ್ನೊಂದು ವರ್ಷ ಹತ್ತಿಳಿದ ಮೆಟ್ಟಿಲು. ಪೇಷಂಟಕ್ಕ ಅದನ್ನು ಅವನಿಗೆ ಹೇಳಲಿಲ್ಲ. "ಹೂಂ," ಅಂದಳು.