ಕಾರವಾರಕ್ಕೊಂದು ಗಾಡಿ

ಬೈಲಹೊಂಗಲದ ಕೋರ್ಟಿನ ಕಂಪೌಂಡಿನ ಹೊರಗೆ, ಬೇವಿನ ಗಿಡದ ಕೆಳಗೆ ಮೇಜು ಹಾಕಿಕೊಂಡು ಟೈಪ್ ಮಾಡುತ್ತಿದ್ದ ರಘೋತ್ತಮ ಇಪ್ಪತ್ತೆರಡು ವರ್ಷಗಳಲ್ಲಿ ತಾಲೂಕಿನ ಅರ್ಧ ಜನರ ಅರ್ಜಿ ಬರೆದುಕೊಟ್ಟಿದ್ದ. ಯಾರ ಮುಂದೆ ಏನನ್ನು ಹೇಗೆ ಬೇಡಬೇಕೆಂಬುದು ಅವನಿಗೆ ಬಾಯಿಪಾಠವಾಗಿತ್ತು. ಅವನ ಹೆಂಡತಿ ಕಮಲಾಬಾಯಿ ಮಾತ್ರ ಮದುವೆಯಾದಾಗಿನಿಂದ ಅವನಿಂದ ಏನನ್ನೂ ಬೇಡಿದವಳಲ್ಲ. ಹಾಗಾಗಿ ೨೦೦೮ರ ಮಾರ್ಚಿನಲ್ಲಿ ಒಂದು ಮಧ್ಯಾಹ್ನ, ಅವನು ಊಟಕ್ಕೆ ಕುಳಿತಾಗ, ಅವಳು ಗೋಡೆಗೆ ಒರಗಿಕೊಂಡೇ, "ಈ ಸೂಟಿಯೊಳಗ ಒಮ್ಮೆ ಸಮುದ್ರ ನೋಡಿ ಬರೋಣೇನ್ರಿ?" ಎಂದಾಗ ಅವನು ತುತ್ತು ಬಿಟ್ಟು ತಲೆಯೆತ್ತಿ ನೋಡಿದ.

"ಸಮುದ್ರ?"

"ಕಾರವಾರ ಭಾಳ ದೂರೇನಿಲ್ಲಂತ. ಅನಿಕೇತ ಹೇಳ್ತಿದ್ದ," ಎಂದು ಅವಳು ಮಗನ ಮಾತು ಹೇಳಿದಳು.

ಕಮಲಾಬಾಯಿಗೆ ಸಂಧಿವಾತ ಶುರುವಾಗಿ ಒಂಬತ್ತು ವರ್ಷವಾಗಿತ್ತು. ಮೊದಲು ಬೆರಳು ಸೊಟ್ಟಗಾದವು, ಆಮೇಲೆ ಮೊಣಕಾಲು ಮಡಚದಾದವು. ಕಳೆದ ಮೂರು ವರ್ಷಗಳಿಂದ ಬಸ್ಸಿನ ಮೆಟ್ಟಿಲು ಹತ್ತುವುದು ಅವಳಿಂದ ಆಗಿರಲಿಲ್ಲ. ತವರೂರು ಮುನವಳ್ಳಿಗೂ ಹೋಗಿರಲಿಲ್ಲ. ಈಚೆಗೆ ಅವಳು ಊರು ಬಿಟ್ಟು ಹೊರಗೆ ಹೋದದ್ದೆಂದರೆ ಧಾರವಾಡದ ಆಸ್ಪತ್ರೆಗೆ, ಅದೂ ಪಕ್ಕದ ಮನೆಯ ವಕೀಲರ ಕಾರಿನಲ್ಲಿ. ಸುಮ್ಮನೆ, ನೋಡಲಿಕ್ಕೆಂದು, ಖುಷಿಗೆಂದು ಅವಳು ಯಾವತ್ತೂ ಎಲ್ಲಿಗೂ ಹೋದವಳಲ್ಲ. ಹೊರಟರೆ ಬಾಡಿಗೆಯ ಗಾಡಿಯಲ್ಲೇ ಹೊರಡಬೇಕು, ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂರುವಂಥ ಗಾಡಿಯಾಗಬೇಕು.

"ಹೋಗೋಣು," ಎಂದ ರಘೋತ್ತಮ. "ಮೇ ತಿಂಗಳದಾಗ, ಹುಡುಗರ ಸೂಟಿ ಇದ್ದಾಗ."

ಮರುದಿನವೇ ಅವನು ಬಸ್‌ಸ್ಟ್ಯಾಂಡಿನ ಹತ್ತಿರ ಗಾಡಿ ಬಾಡಿಗೆ ಬಿಡುತ್ತಿದ್ದ ಲಗಮಣ್ಣನ ಬಳಿ ಹೋದ. ಲಗಮಣ್ಣನ ಹತ್ತಿರ ಎರಡು ಸುಮೋ, ಒಂದು ಇಂಡಿಕಾ ಇದ್ದವು. ಅವನ ಗಾಡಿಯ ಕಾಗದಪತ್ರಗಳನ್ನೆಲ್ಲ ಟೈಪ್ ಮಾಡಿಕೊಟ್ಟವನು ರಘೋತ್ತಮನೇ.

"ಅಕ್ಕಾರಿಗೆ ಸುಮೋನ ಬೇಕ್ರಿ, ಇಂಡಿಕಾದಾಗ ಕಾಲ್ ಇಡಾಕ ಬರಂಗಿಲ್ಲ," ಎಂದ ಲಗಮಣ್ಣ. "ಎರಡ ದಿನಕ್ಕ ಮೂರು ಸಾವಿರ ಕೊಡ್ರಿ. ಡ್ರೈವರ್ ಊಟಾ ಗೀಟಾ ಎಲ್ಲಾ ಅದರಾಗ ಬಂತು. ಒಂದ ಐದನೂರು ಈಗ ಇಟ್ಟ ಹೋಗ್ರಿ, ನಾ ಡೈರ್ಯಾಗ ಬರಕೋತೇನಿ."

ರಘೋತ್ತಮ ಕೂಡಲೇ ಹೂಂ ಎನ್ನಲಿಲ್ಲ. ಯಾವ ವ್ಯವಹಾರದಲ್ಲೂ ಮೊದಲು ಹೇಳಿದ ಮಾತಿಗೆ ಒಪ್ಪಬಾರದೆಂದು ಕೋರ್ಟಿನ ಮುಂದೆ ಕೂತು ಕೂತು ಕಲಿತಿದ್ದ. "ಎರಡೂವರೆಗೆ ಮುಗಸು," ಎಂದ. ಲಗಮಣ್ಣ ನಕ್ಕ. "ನಾಳಿ ಬರ್ತೀನಿ," ಎಂದು ರಘೋತ್ತಮ ಎದ್ದು ಬಂದ. ಕಿಸೆಯಲ್ಲಿ ಐನೂರರ ನೋಟು ಇತ್ತು. ಮುಂದೆ ಎಷ್ಟೋ ತಿಂಗಳು ಅವನಿಗೆ ಆ ಗಳಿಗೆ ನೆನಪಾಗುತ್ತಿತ್ತು.

ಮನೆಯಲ್ಲಿ ಅಷ್ಟರಲ್ಲಿ ತಯಾರಿ ಶುರುವಾಗಿತ್ತು. ಒಂಬತ್ತನೇ ತರಗತಿಗೆ ಹೋಗಲಿದ್ದ ಮಗಳು ವರದಾ ಪಡಸಾಲೆಯಲ್ಲಿ ಸ್ಟೂಲಿನ ಮೇಲೆ ದಿಂಬು ಕಟ್ಟಿ ಗಾಡಿಯ ಸೀಟು ಮಾಡಿದ್ದಳು. ಅವಳ ಅಣ್ಣ ಅನಿಕೇತ ಗಾಡಿಯ ಬಾಗಿಲಾಗಿ ನಿಲ್ಲುತ್ತಿದ್ದ. ಕಮಲಾಬಾಯಿ ಮೊದಲು ಬೆನ್ನು ತಿರುಗಿಸಿ ಕೂತು, ಆಮೇಲೆ ಒಂದೊಂದೇ ಕಾಲು ಎತ್ತಿ ಒಳಗಿಡುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದಳು. ನೋವಿಗೆ ತುಟಿ ಕಚ್ಚುತ್ತಿದ್ದಳು, ಜೊತೆಗೇ ನಗುತ್ತಿದ್ದಳು. ಅವಳು ಹೀಗೆ ನಗುವುದನ್ನು ನೋಡಿ ರಘೋತ್ತಮನಿಗೆ ಬಹಳ ದಿನಗಳಾಗಿದ್ದವು. ಇನ್ನೂ ಸ್ವಲ್ಪ ಅಗ್ಗಕ್ಕೆ ಗಾಡಿ ಸಿಕ್ಕರೆ ಉಳಿದ ದುಡ್ಡಿನಲ್ಲಿ ಅಲ್ಲಿ ಒಳ್ಳೆಯ ಲಾಡ್ಜಿನಲ್ಲಿ ಕೆಳಗಿನ ಕೋಣೆಯನ್ನೇ ಹಿಡಿಯಬಹುದು ಎಂದು ಲೆಕ್ಕ ಹಾಕುತ್ತ, ಲಗಮಣ್ಣನ ಹತ್ತಿರ ಹೋಗುವುದನ್ನು ವಾರ ಮುಂದೂಡಿದ, ಮತ್ತೊಂದು ವಾರ ಮುಂದೂಡಿದ.

ಏಪ್ರಿಲ್ ಮೊದಲ ವಾರದಲ್ಲಿ ವಿಧಾನಸಭೆಯ ಚುನಾವಣೆ ಘೋಷಣೆಯಾಯಿತು. ಮೇ ತಿಂಗಳಲ್ಲೇ ಮತದಾನ. ರಘೋತ್ತಮ ಆ ಸುದ್ದಿಯನ್ನು ಪೇಪರಿನಲ್ಲಿ ಓದಿ ಮಡಚಿಟ್ಟ. ಅದಕ್ಕೂ ತನ್ನ ಕಾರವಾರಕ್ಕೂ ಸಂಬಂಧವಿದೆಯೆಂದು ಅವನಿಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಕಿತ್ತೂರಿನಲ್ಲಿ. ಹೆದ್ದಾರಿಯ ಊರು, ಗಾಡಿಗಳು ಬಹಳ, ಅಗ್ಗಕ್ಕೆ ಸಿಕ್ಕೀತು ಎಂದು ಒಂದು ಭಾನುವಾರ ಬಸ್ಸು ಹತ್ತಿ ಅಲ್ಲಿಗೆ ಹೋದ. ಅಲ್ಲಿನ ಸ್ಟ್ಯಾಂಡಿನಲ್ಲಿ ಗಾಡಿಗಳೇನೋ ಇದ್ದವು. ಚಾಲಕನೊಬ್ಬ ಬೀಡಿ ಸೇದುತ್ತ, "ಸೂಟಿ ಐತಿ, ಲಗ್ನದ ಸೀಜನ್ ಐತಿ, ಮ್ಯಾಲ ಇಲೆಕ್ಷನ್ ಬಂತು. ನಾಕೂವರಿ ಸಾವಿರಕ್ಕ ಒಂದ ಪೈಸೆ ಕಡಿಮಿ ಆಗಂಗಿಲ್ರಿ," ಎಂದ. ರಘೋತ್ತಮ ಮೂರು ಸಾವಿರದ ಮಾತೆತ್ತಿದಾಗ ಅವನು, "ಹೋದ ವರ್ಷದ್ದು ಹೇಳಾಕತ್ತೀರಿ ಬಿಡ್ರಿ," ಎಂದು ಬೇರೆ ಕಡೆ ತಿರುಗಿದ.

ಸವದತ್ತಿಯಲ್ಲಿ ಗಂಗಯ್ಯ ಎಂಬವನ ಟ್ರಾಕ್ಸ್ ಇತ್ತು. ಯಲ್ಲಮ್ಮನ ಗುಡ್ಡಕ್ಕೆ ಜನರನ್ನು ಸಾಗಿಸುವ ಗಾಡಿ. ಅವನ ಹೊಲದ ದಾವೆಯ ಕಾಗದಗಳನ್ನು ರಘೋತ್ತಮ ಹನ್ನೊಂದು ವರ್ಷ ಟೈಪ್ ಮಾಡಿದ್ದ. ಆ ಸಲಿಗೆಯಿಂದ ಹೋದ. ಗಂಗಯ್ಯ ಚಹಾ ಕೊಟ್ಟ, ಹೆಂಡತಿಯ ಆರೋಗ್ಯ ಕೇಳಿದ, ಎಲ್ಲ ಕೇಳಿದ. ಕೊನೆಗೆ, "ಸ್ವಾಮಿ, ಮೊದಲ ಬಂದಿದ್ರ ಪುಕ್ಸಟ್ಟೆ ಕೊಡ್ತಿದ್ನಿ," ಎಂದ. "ಪಾರ್ಟಿಯವರು ಒಂದ ತಿಂಗಳಿಗೆ ಹಿಡದಾರ. ಡೀಸೆಲ್ ಅವರದ, ಊಟಾ ಅವರದ. ನಾ ಹ್ಯಾಂಗ ಬಿಡ್ಲಿ ಹೇಳ್ರಿ?"

ಸವದತ್ತಿಯಿಂದ ಮರಳುವ ಬಸ್ಸಿನಲ್ಲಿ ರಘೋತ್ತಮ ಒಂದು ನಿರ್ಧಾರಕ್ಕೆ ಬಂದ. ಸೀದಾ ಲಗಮಣ್ಣನ ಹತ್ತಿರ ಹೋಗಿ ಮೂರು ಸಾವಿರವನ್ನೂ ಎಣಿಸಿ ಮೇಜಿನ ಮೇಲಿಟ್ಟ. ಲಗಮಣ್ಣ ಅದನ್ನು ಮುಟ್ಟಲಿಲ್ಲ.

"ಒಂದು ಸುಮೋ ಪ್ರಚಾರಕ್ಕ ಹೋಗೇತ್ರಿ. ಇನ್ನೊಂದು ಮೇ ಪೂರ್ತಿ ಲಗ್ನಕ್ಕ ಬುಕ್ ಐತಿ. ನಡಕ ಎರಡ ದಿನ ಖಾಲಿ ಅದಾವ. ಅದಕ್ಕ ಐದೂವರಿ ಸಾವಿರ ಕೊಡತೇವಂತ ಒಬ್ರು ನಿಂತಾರ."

"ನೀ ಮೂರಂತ ಹೇಳಿದ್ದೆಲ್ಲೋ ಲಗಮಣ್ಣ."

"ಹೇಳಿದ್ನಿ. ಮಾರ್ಚನ್ಯಾಗ ಹೇಳಿದ್ನಿ. ನೀವ ನಾಳಿ ಬರತೇನಿ ಅಂದ್ರಿ." ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಅದೇ ರಘೋತ್ತಮನಿಗೆ ಹೆಚ್ಚು ಚುಚ್ಚಿತು. ನೋಟುಗಳನ್ನು ಮಡಚಿ ಕಿಸೆಗಿಟ್ಟುಕೊಂಡು ಹೊರಬಂದ.

ಕಮಲಾಬಾಯಿಗೆ ಅವನು ಇದಾವುದನ್ನೂ ಹೇಳಲಿಲ್ಲ. ಆದರೆ ಅವಳಿಗೆ ತಿಳಿಯಿತು. "ಬ್ಯಾಡ ಬಿಡ್ರಿ, ಮುಂದಿನ ವರ್ಷ ನೋಡೋಣಂತ," ಎಂದಳು. ಮುಂದಿನ ವರ್ಷ ಎಂದರೇನೆಂದು ಧಾರವಾಡದ ಡಾಕ್ಟರು ಅವನೊಬ್ಬನನ್ನೇ ಕರೆದು ಹೇಳಿದ್ದರು. ಸೊಂಟದ ಕೀಲೂ ಹಿಡಿದುಕೊಳ್ಳುತ್ತಿದೆ, ಕೂಡುವುದಕ್ಕೂ ಆಗದ ದಿನ ದೂರವಿಲ್ಲ ಎಂದಿದ್ದರು.

ಅವನು ರಾಮದುರ್ಗಕ್ಕೆ ಹೋದ. ಅಲ್ಲಿ ಅಮೋಘಸಿದ್ದಪ್ಪ ಎಂಬ ಅರವತ್ತರ ಮನುಷ್ಯನ ಹತ್ತಿರ ಹಳೆಯ ಅಂಬಾಸಿಡರ್ ಇದೆಯೆಂದು ಕೋರ್ಟಿಗೆ ಬಂದ ಕಕ್ಷಿದಾರನೊಬ್ಬ ಹೇಳಿದ್ದ. ಗಾಡಿಯ ಬಣ್ಣ ಅಲ್ಲಲ್ಲಿ ಎದ್ದಿತ್ತು, ಹಿಂದಿನ ಒಂದು ಬಾಗಿಲನ್ನು ಹೊರಗಿನಿಂದಲೇ ತೆಗೆಯಬೇಕಿತ್ತು. ಪ್ರಚಾರದವರು ಇದನ್ನು ನೋಡಿ ಬೇಡವೆಂದು ಹೋಗಿದ್ದರು. ಆದರೆ ಮುಂದಿನ ಸೀಟು ಇಡೀ ಒಂದೇ ಹಾಸು, ಕಾಲು ಓರೆಯಾಗಿ ಚಾಚಲು ಬೇಕಾದಷ್ಟು ಜಾಗ.

"ಮೂರು ಸಾವಿರದ ಇನ್ನೂರು," ಎಂದ ಅಮೋಘಸಿದ್ದಪ್ಪ. "ನಾನ ಹೊಡಕೊಂಡ ಬರತೇನಿ. ಸಾವಕಾಶ ಹೋಗೋಣ್ರಿ."

ರಘೋತ್ತಮ ಈ ಸಲ ಚೌಕಾಸಿ ಮಾಡಲಿಲ್ಲ. ಐನೂರು ಕೊಟ್ಟು, ಮೇ ಹದಿನೆಂಟರ ಭಾನುವಾರ ಎಂದು ಗೊತ್ತುಮಾಡಿ ಬಂದ.

ಆ ಭಾನುವಾರ ಬೆಳಿಗ್ಗೆ ಆರಕ್ಕೆ ಅಂಬಾಸಿಡರ್ ಅವರ ಓಣಿಗೆ ಬಂತು. ಕಮಲಾಬಾಯಿ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಎರಡೇ ಸಲದ ಪ್ರಯತ್ನಕ್ಕೆ ಸೀಟಿನಲ್ಲಿ ಕೂತಳು. ಓಣಿಯ ಹೆಂಗಸರು ಬಾಗಿಲಿಗೆ ಬಂದು ನೋಡಿದರು. ಊರು ದಾಟಿದ ಮೇಲೆ ಅವಳು ಕಿಟಕಿಯ ಗಾಜು ಇಳಿಸಲು ಹೇಳಿದಳು. ಹರಗಿ ಬಿಟ್ಟ ಕರಿ ಹೊಲಗಳು, ದಾರಿಯ ಹುಣಸೆ ಗಿಡಗಳು, ಎಮ್ಮೆ ಹೊಡೆದುಕೊಂಡು ಹೋಗುವವರು. ಇವನ್ನೆಲ್ಲ ಅವಳು ಹೊಸ ದೇಶ ನೋಡುವವಳ ಹಾಗೆ ನೋಡುತ್ತಿದ್ದಳು. "ಇಷ್ಟ ಆದರೂ ಸಾಕಾಗಿತ್ತ ನೋಡ್ರಿ," ಎಂದು ಹಿಂದೆ ತಿರುಗಲಾಗದೆ ಮುಂದೆ ನೋಡಿಕೊಂಡೇ ಗಂಡನಿಗೆ ಹೇಳಿದಳು.

ಕಿತ್ತೂರಿನ ಹತ್ತಿರ ರಸ್ತೆಗೆ ಅಡ್ಡ ಬ್ಯಾರಿಕೇಡ್ ಹಾಕಿದ್ದರು. ಇಬ್ಬರು ಪೊಲೀಸರು, ಮೇಜು ಹಾಕಿಕೊಂಡು ಕೂತ ಒಬ್ಬ ಅಧಿಕಾರಿ. ಪಕ್ಕದಲ್ಲಿ ಸಾಲಾಗಿ ನಿಂತ ಜೀಪು, ಟೆಂಪೋಗಳು. ಮತದಾನಕ್ಕೆ ನಾಲ್ಕೇ ದಿನ ಉಳಿದಿತ್ತು. ಚುನಾವಣಾ ಕೆಲಸಕ್ಕೆ ವಾಹನಗಳನ್ನು ವಶಕ್ಕೆ ತೆಗೆದುಕೊಳ್ಳುತ್ತಿದ್ದರು. ಅಮೋಘಸಿದ್ದಪ್ಪನ ಕಾಗದಪತ್ರ ನೋಡಿ ಅಧಿಕಾರಿ ಒಂದು ಚೀಟಿ ಹರಿದು ಅವನ ಕೈಗಿಟ್ಟ.

ರಘೋತ್ತಮ ಇಳಿದು ಹೋಗಿ ಕೈಮುಗಿದ. ಹೆಂಡತಿಯನ್ನು ತೋರಿಸಿದ. ಅಧಿಕಾರಿ ಕೆಟ್ಟವನಾಗಿರಲಿಲ್ಲ. ನಿದ್ದೆಗೆಟ್ಟ ಕಣ್ಣು, ಬೆವರಿದ ಅಂಗಿ. "ನಲವತ್ತು ಗಾಡಿ ಬೇಕಂತ ಹೇಳ್ಯಾರ್ರಿ ನನಗ. ಇಪ್ಪತ್ತಾರು ಸಿಕ್ಕಾವ. ದವಾಖಾನಿಗೆ ಹೊಂಟೀರಂದ್ರ ಬಿಡ್ತೀನಿ. ದವಾಖಾನಿ ಚೀಟಿ ಐತೇನು?"

ಒಂದು ಕ್ಷಣ ರಘೋತ್ತಮನಿಗೆ ಸುಳ್ಳು ಹೇಳಬೇಕೆನಿಸಿತು. ಆದರೆ ಗಾಡಿಯ ಮೇಲೆ ಕಟ್ಟಿದ ಚಾಪೆ, ತಿಂಡಿಯ ಡಬ್ಬಿ, ವರದಾಳ ತಲೆಯ ಮೇಲಿನ ಹೊಸ ಟೊಪ್ಪಿಗೆ ಎಲ್ಲವೂ ಅಧಿಕಾರಿಯ ಕಣ್ಣೆದುರಿಗೇ ಇದ್ದವು. "ಅರ್ಜಿ ಬರದು ಕೊಡ್ತೀನ್ರಿ," ಎಂದ.

ಒಂದು ಹಾಳೆ ಇಸಿದುಕೊಂಡು ಅಂಬಾಸಿಡರಿನ ಬಾನೆಟ್ಟಿನ ಮೇಲಿಟ್ಟು ಬರೆದ. ಬಾನೆಟ್ಟು ಸುಡುತ್ತಿತ್ತು. ಒಂಬತ್ತು ವರ್ಷದ ಬೇನೆ, ಬಸ್ಸು ಹತ್ತಲಾಗದ ಕಾಲು, ಎರಡು ತಿಂಗಳ ಓಡಾಟ, ಎಲ್ಲವನ್ನೂ ಒಂದೂ ಹೆಚ್ಚಿನ ಮಾತಿಲ್ಲದೆ ಬರೆದ. ಬೇರೆಯವರಿಗಾಗಿ ಬರೆದ ಸಾವಿರಾರು ಅರ್ಜಿಗಳಲ್ಲಿ ಯಾವುದನ್ನೂ ಅವನು ಹೀಗೆ ಬರೆದಿರಲಿಲ್ಲ. ಅಧಿಕಾರಿ ನಿಂತುಕೊಂಡೇ ಪೂರ್ತಿ ಓದಿದ.

"ಅರ್ಜಿ ಭಾಳ ಛಲೋ ಬರದೀರಿ," ಎಂದ. "ಆದ್ರ ಇದಕ್ಕ ಮ್ಯಾಲಿನವರ ಸಹಿ ಆಗಬೇಕ್ರಿ. ನನ್ನ ಕೈಯಾಗಿಲ್ಲ."

ಮೇಲಿನವರು ಆ ದಿನ ಎಲ್ಲಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ಅಧಿಕಾರಿ ಎರಡು ಸಲ ಫೋನ್ ಮಾಡಿದ, ಯಾರೂ ಎತ್ತಲಿಲ್ಲ. ಹತ್ತು ಗಂಟೆಯವರೆಗೆ ಕಾದರು. ಆಮೇಲೆ ಕಮಲಾಬಾಯಿಯೇ, "ಇಳಸ್ರಿ ನನ್ನ," ಎಂದಳು. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟವಾಯಿತು. ಇಳಿಯುವುದನ್ನು ಅವರು ಮನೆಯಲ್ಲಿ ಹೆಚ್ಚು ರೂಢಿ ಮಾಡಿರಲಿಲ್ಲ.

ಅಮೋಘಸಿದ್ದಪ್ಪ ಐನೂರನ್ನು ತಿರುಗಿ ಕೊಟ್ಟ. "ನನಗೂ ನಾಕ್ ದಿನ ಇಲ್ಲೇ ಕಟ್ಟಿ ಹಾಕಿದ್ರಲ್ರಿ," ಎಂದು ತಲೆ ಕೆಳಗೆ ಹಾಕಿದ. ಚಹಾದಂಗಡಿಯವನು ಕೊಟ್ಟ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಮಲಾಬಾಯಿ ಮಧ್ಯಾಹ್ನದ ತನಕ ಕೂತಳು. ಬಾಡಿಗೆಯ ಗಾಡಿಯವರು ಬ್ಯಾರಿಕೇಡಿನ ಸುದ್ದಿ ಕೇಳಿ ಆ ಕಡೆ ಸುಳಿಯಲೇ ಇಲ್ಲ. ಕೊನೆಗೆ, ತರಕಾರಿ ಇಳಿಸಿ ಬೈಲಹೊಂಗಲಕ್ಕೆ ಮರಳುತ್ತಿದ್ದ ಒಂದು ಗೂಡ್ಸ್ ಟೆಂಪೋ ಒಳದಾರಿಯಲ್ಲಿ ನಿಂತಿರುವುದನ್ನು ಅನಿಕೇತ ಹುಡುಕಿ ಬಂದ. ಅಲ್ಲಿಯವರೆಗೆ ಕುರ್ಚಿಸಮೇತ ಅವಳನ್ನು ಹೊತ್ತೊಯ್ದು, ಹಿಂಬದಿಯ ಖಾಲಿ ಬುಟ್ಟಿಗಳ ನಡುವೆ ಚಾಪೆ ಹಾಸಿ ಕೂರಿಸಿದರು. ದಾರಿಯುದ್ದಕ್ಕೂ ಪ್ರತಿ ತಗ್ಗಿಗೂ ಅವಳ ಬಾಯಿಂದ ಸಣ್ಣದೊಂದು ದನಿ ಹೊರಡುತ್ತಿತ್ತು. ರಘೋತ್ತಮ ಅವಳ ಮೊಣಕಾಲುಗಳನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದ.

ಚುನಾವಣೆ ಮುಗಿದ ಮೇಲೆ ದರ ಇಳಿಯುತ್ತದೆಂದು ಎಲ್ಲರೂ ಹೇಳಿದರು. ಜೂನಿನಲ್ಲಿ ಡೀಸೆಲ್ ಏರಿತು. ಒಮ್ಮೆ ಏರಿದ ಬಾಡಿಗೆ ಅಲ್ಲೇ ನಿಂತಿತು. ಮಳೆ ಶುರುವಾಯಿತು, ಘಟ್ಟದ ದಾರಿ ಕೆಟ್ಟಿತು. ದಸರಾ ಸೂಟಿಯಲ್ಲಿ ರಘೋತ್ತಮ ಮತ್ತೊಮ್ಮೆ ಲಗಮಣ್ಣನ ಹತ್ತಿರ ಹೋಗಿ ಕೇಳಿದ. ಆರು ಸಾವಿರವೆಂದ ಲಗಮಣ್ಣ, ಅವನ ಮುಖ ನೋಡಿ, "ನಿಮಗಾದ್ರ ಐದಕ್ಕ ಕಳಸ್ತೇನಿ," ಎಂದ. ಕೋರ್ಟಿನ ಮುಂದೆ ಆಗಲೇ ಎರಡು ಕಂಪ್ಯೂಟರ್ ಅಂಗಡಿಗಳು ತೆರೆದಿದ್ದವು. ಬೇವಿನ ಗಿಡದ ಕೆಳಗೆ ಬರುವವರು ಕಡಿಮೆಯಾಗಿದ್ದರು. ಆದರೂ ಹೇಗೋ ಹೊಂದಿಸೋಣವೆಂದು ಮನೆಗೆ ಬಂದು ಹೇಳಿದಾಗ ಕಮಲಾಬಾಯಿ, "ಇನ್ನ ನನ್ನಿಂದ ಕೂಡೂದು ಆಗೂದಿಲ್ರಿ," ಎಂದಳು. ದೀಪಾವಳಿಯ ಹೊತ್ತಿಗೆ ಅವಳು ಮಂಚ ಹಿಡಿದಿದ್ದಳು.

ಡಿಸೆಂಬರಿನಲ್ಲಿ ವರದಾಳ ಸಾಲೆಯವರು ಪ್ರವಾಸಕ್ಕೆ ಕಾರವಾರಕ್ಕೇ ಹೋದರು. ಅವಳು ಹೋಗುವುದಿಲ್ಲವೆಂದು ಹಟ ಹಿಡಿದಳು. ಕಮಲಾಬಾಯಿಯೇ ಬೈದು ಕಳಿಸಿದಳು. ಮರಳಿ ಬಂದ ಸಂಜೆ ತಾಯಿ ಕರೆದು ಕೇಳಿದಾಗ ವರದಾ ಚೀಲ ಇಡುತ್ತ, "ಏನೂ ಇಲ್ಲಮ್ಮಾ ಅಲ್ಲೆ. ಬರೇ ಬಿಸಲು. ಮೀನಿನ ವಾಸನಿ. ಕಾಲೆಲ್ಲಾ ಉಸುಕು," ಎಂದಳು. ಕಮಲಾಬಾಯಿ "ಹೌದೇನು," ಎಂದಳು.

ಮರುದಿನ ಬೆಳಿಗ್ಗೆ ವರದಾ ಹಿತ್ತಲಿನಲ್ಲಿ ಗೆಳತಿಯ ಜೊತೆ ನಿಂತಿದ್ದಳು. ರಘೋತ್ತಮ ಮಂಚದ ಹತ್ತಿರ ಹೆಂಡತಿಗೆ ಚಹಾ ಕುಡಿಸುತ್ತಿದ್ದ. ಮಗಳ ದನಿ ಕಿಟಕಿಯಿಂದ ಸ್ಪಷ್ಟವಾಗಿ ಕೇಳುತ್ತಿತ್ತು. ತೆರೆ ಬಂದು ಕಾಲ ಕೆಳಗಿನ ಉಸುಕನ್ನು ಎಳೆದುಕೊಂಡು ಹೋಗುವುದು ಹೇಗೆ, ಸೂರ್ಯ ಮುಳುಗುವಾಗ ನೀರೆಲ್ಲ ಯಾವ ಬಣ್ಣವಾಯಿತು, ಬಸ್ಸು ಹತ್ತಿರೆಂದು ಮಾಸ್ತರರು ಕೂಗಿದರೂ ತಾವು ಮತ್ತೆ ಮತ್ತೆ ನೀರಿನ ಕಡೆಗೇ ಓಡಿದ್ದು ಹೇಗೆ, ಎಲ್ಲವನ್ನೂ ಅವಳು ಉಸಿರು ಬಿಡದೆ ಹೇಳುತ್ತಿದ್ದಳು.

ರಘೋತ್ತಮ ಬಟ್ಟಲನ್ನು ಕೆಳಗಿಟ್ಟ. ಹೆಂಡತಿಯ ಮುಖ ನೋಡುವ ಧೈರ್ಯವಾಗಲಿಲ್ಲ. ಅವಳು ಸ್ವಲ್ಪ ಹೊತ್ತು ಕೇಳಿಸಿಕೊಂಡಳು.

"ಆ ಕಿಟಕಿ ಮುಚ್ಚರಿ," ಎಂದಳು ಆಮೇಲೆ. "ಥಂಡಿ ಗಾಳಿ ಬರ್ಲಿಕ್ಕೆ ಹತ್ತೇದ."

ಅವನು ಎದ್ದು ಹೋಗಿ ಕಿಟಕಿ ಮುಚ್ಚಿದ.