ಬಟ್‌ನ ಒಂದೂವರೆ ಇಂಚು

ಶನಿವಾರ ಸಂಜೆ ನಾಲ್ಕೂವರೆಗೆ ಏರ್ ರೈಫಲ್ ಹುಣಸೂರಿನ ನಟರಾಜುವಿನ ಮರಗೆಲಸದ ಅಂಗಡಿಯ ಮೇಜಿನ ಮೇಲಿತ್ತು. ಅದರ ಬಟ್, ಅಂದರೆ ಭುಜಕ್ಕೆ ಒತ್ತಿ ಹಿಡಿಯುವ ಮರದ ಹಿಂಭಾಗ, ಒಂದೂವರೆ ಇಂಚು ಗಿಡ್ಡವಾಗಬೇಕಿತ್ತು. ಪೆನ್ಸಿಲ್ ಗೆರೆ ಬಿದ್ದಿತ್ತು. ಗರಗಸ ಇನ್ನೂ ಮುಟ್ಟಿರಲಿಲ್ಲ.

ರೈಫಲ್ ಗಾವಡಗೆರೆಯ ಜವರಯ್ಯನದು. ತಂಬಾಕಿಗೆ ಒಳ್ಳೆಯ ಬೆಲೆ ಬಂದ ವರ್ಷ ಇಬ್ಬರು ಮೊಮ್ಮಕ್ಕಳಿಗೂ ಸೇರಿಸಿ ಒಂದನ್ನೇ ತಂದಿದ್ದ. ಮೈಸೂರಿನ ಯಾರೋ ಬಳಸಿ ಮಾರಿದ್ದು. ಹಿರಿಯ ಮಗನ ಮಗ ರಘುವಿಗೆ ಇಪ್ಪತ್ತು ವರ್ಷ, ಆರಡಿ ಎತ್ತರ. ಕಿರಿಯ ಮಗನ ಮಗಳು ಅನುಶ್ರೀಗೆ ಹದಿನಾರು, ಅವನ ಎದೆಮಟ್ಟಕ್ಕೆ ಬರುತ್ತಾಳೆ. ಬಟ್ ರಘುವಿನ ತೋಳಿಗೆ ಸರಿಯಾಗಿತ್ತು. ಅನುಶ್ರೀ ಅದನ್ನು ಎತ್ತಿ ಹಿಡಿದರೆ ಕೆನ್ನೆ ಇರಬೇಕಾದ ಜಾಗಕ್ಕೆ ಬರುತ್ತಿರಲಿಲ್ಲ. ಗುರಿ ಎಡಕ್ಕೆ ಜಾರುತ್ತಿತ್ತು. ಅವಳು ಕಲಿತದ್ದು ಶೂಟಿಂಗ್ ಕ್ಲಬ್ಬಿನ ಗಿಡ್ಡ ರೈಫಲ್‌ನಲ್ಲಿ. ಅದು ಈ ಸಲ ಕೆ.ಆರ್. ನಗರದ ಪದ್ಮಶ್ರೀ ಎಂಬ ಹುಡುಗಿಗೆ ಹೋಗಿತ್ತು, ಮತ್ತು ಇಬ್ಬರದೂ ಒಂದೇ ಹೊತ್ತಿಗೆ ಸರದಿ.

ಮರುದಿನ ಮೈಸೂರಿನಲ್ಲಿ ಜಿಲ್ಲಾ ತಂಡದ ಆಯ್ಕೆ. ಬೆಳಿಗ್ಗೆ ಹುಡುಗಿಯರು, ಮಧ್ಯಾಹ್ನ ಹುಡುಗರು. ಹುಡುಗರದು ಮೊದಲಿದ್ದಿದ್ದರೆ ಈ ಅಂಗಡಿಯಲ್ಲಿ ಮಾತೇ ಇರುತ್ತಿರಲಿಲ್ಲ.

ಉಪಾಯ ಕೋಚ್ ಉಮಾಶಂಕರ ಅವರದು. ಬಟ್‌ನ ತುದಿ ಕೊಯ್ಯುವುದು. ಅನುಶ್ರೀ ಹೊಡೆದ ಮೇಲೆ ಅದೇ ತುಂಡನ್ನು ಎರಡು ಉದ್ದನೆಯ ಸ್ಕ್ರೂ ಹಾಕಿ ಕೂರಿಸಿ ರಘುವಿಗೆ ಕೊಡುವುದು. ಮನೆಯಲ್ಲಿ ಎಲ್ಲರೂ ಒಪ್ಪಿದ್ದರಿಂದಲೇ ತಾತ, ಮೊಮ್ಮಕ್ಕಳು, ಕೋಚ್ ನಾಲ್ವರೂ ಇಲ್ಲಿಗೆ ಬಂದಿದ್ದರು.

ನಟರಾಜು ಬಟ್‌ನ ತುದಿಯ ರಬ್ಬರ್ ಪ್ಯಾಡ್ ಬಿಚ್ಚಿದ. ಒಳಗಿನ ಮರ ಕಪ್ಪಾಗಿತ್ತು. ಆಳಕ್ಕೆ ಒಂದು ತೂತು ಕೊರೆದು ನೋಡಿದ. ಬಂದ ಹೊಟ್ಟು ಬೆರಳಿಗೆ ಜಿಗುಟಾಗಿ ಅಂಟಿತು. ಸ್ಕ್ರೂ ಹಾಕಿ ತಿರುಗಿಸಿದ; ಅದು ಹಿಡಿತವಿಲ್ಲದೆ ಸುತ್ತಿತು.

"ಇದು ಕೋವಿನೋ ಬಾಣಂತಿಯೋ ಯಜಮಾನ್ರೆ? ಈ ಪಾಟಿ ಅರಳೆಣ್ಣೆ ಕುಡ್ಸಿದ್ದೀರಲ್ಲ."

"ಮಚ್ಚಿನ ಇಡಿಗೆ, ಗುದ್ದಲಿ ಕಾವಿಗೆ ಅಚ್ಚೋದೇ ಅಲ್ವಾ?" ಎಂದ ಜವರಯ್ಯ. "ಆಯುಧಪೂಜೆಗೊಂದು ದಪ, ಅಮಾಸೆ ಅಮಾಸೆಗೊಂದು ದಪ. ಮರ ಕುಡುದಷ್ಟೂ ಗಟ್ಟಿ."

"ಕಾವಿಗೆ ಮೇಲೆ ಒರಸ್ತೀರಿ. ಇದಕ್ಕೆ ರಬ್ಬರ್ ಬಿಚ್ಚಿ ಒಳಕ್ಕೇ ಉಯ್ದಿದ್ದೀರಿ."

ನಟರಾಜು ಇದ್ದದ್ದನ್ನು ಹೇಳಿದ. ಕೊಯ್ದರೆ ತುಂಡು ಮತ್ತೆ ಕೂರುವುದಿಲ್ಲ. ಸ್ಕ್ರೂ ಹಿಡಿಯುವುದಿಲ್ಲ, ಎಣ್ಣೆಯ ಮರಕ್ಕೆ ಅಂಟೂ ನಿಲ್ಲುವುದಿಲ್ಲ. ತೆಳ್ಳಗಿನ ಪ್ಯಾಡನ್ನು ಟೇಪ್ ಸುತ್ತಿ ನಿಲ್ಲಿಸಬಹುದು; ತುಂಡನ್ನು ಹಾಗೆ ಕಟ್ಟಿದರೆ ಅಲುಗುತ್ತದೆ. ಹೊಸ ಬಟ್ ಕೆತ್ತಲು ವಾರವಾದರೂ ಬೇಕು. ಮತ್ತೊಂದು ಮಾತು: ಮರ ಮೆತ್ತಗಾಗಿದೆ, ಕೊಯ್ಯುವಾಗಲೇ ಸೀಳಬಹುದು.

"ಸೀಳುದ್ರೆ?" ಎಂದ ಜವರಯ್ಯ.

"ಇಬ್ರಿಗೂ ಇಲ್ಲ."

ಜವರಯ್ಯ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡ. "ಅಂಗಾರೆ ಬುಡಿ. ಅನು ಇನ್ನೂ ಚಿಕ್ಕೋಳು, ಬರೋ ವರ್ಸ ಒಡೀತಾಳೆ. ಇವನಿಗೆ ಇದೇ ಕೊನೆ ವರ್ಸ."

ಅದು ನಿಜ. ಮುಂದಿನ ವರ್ಷ ರಘು ಜೂನಿಯರ್ ವಯಸ್ಸು ದಾಟುತ್ತಿದ್ದ.

"ನೀನೇನಂತೀಯ?" ಎಂದು ಉಮಾಶಂಕರ ಅನುಶ್ರೀಯನ್ನು ಕೇಳಿದರು.

"ಕುಯ್ಸಿ ಅಂತ ನಾನು ಹೇಳಲ್ಲ ಸಾರ್. ಬ್ಯಾಡ ಅಂತಲೂ ನನ್ನ ಬಾಯಲ್ಲಿ ಹೇಳಿಸ್ಬೇಡಿ."

ರಘು ಅಲ್ಲಿಯವರೆಗೆ ಬಾಗಿಲಿಗೆ ಒರಗಿ ನಿಂತಿದ್ದ. ಈಗ ಮೇಜಿನ ಹತ್ತಿರ ಬಂದ.

"ಸಾರ್, ಇದು ಇಂಗೇ ಇದ್ರೆ ನಾಳೆ ನಾನು ತಂಡಕ್ಕೆ ಬತ್ತೀನಾ?"

ಉಮಾಶಂಕರ ಸೇನೆಯಲ್ಲಿ ಇದ್ದವರು. ಮಾತು ಸುತ್ತಿ ಬಳಸಿ ಆಡುವ ಅಭ್ಯಾಸವಿರಲಿಲ್ಲ. ಆದರೂ ತಡೆದರು.

"ಹೇಳಿ ಸಾರ್. ಮೂರು ವರ್ಷದಿಂದ ನೋಡ್ತಾ ಇದ್ದೀರಲ್ಲ."

"ಇಲ್ಲ ರಘು. ಬರಲ್ಲ."

"ಅವಳು?"

"ಕೊಯ್ದರೆ ಬರಬಹುದು. ಕೊಯ್ಯದಿದ್ದರೆ ಇಲ್ಲ."

"ಅದೆಂಗೆ ಇವತ್ತೇ ಯೋಳ್ತೀರಿ?" ಜವರಯ್ಯನ ದನಿ ಏರಿತು. "ಕಣಿ ಕೇಳ್ಕಂಡು ಬಂದ್ರಾ?"

"ಅವನ ಅಂಕ ನನಗೆ ಗೊತ್ತು ತಾತ. ಅವನಿಗೂ ಗೊತ್ತು."

ರಘು ಬಟ್‌ನ ತುದಿಯನ್ನು ಮುಟ್ಟಿ ನೋಡಿ, ಬೆರಳಿಗೆ ಅಂಟಿದ ಎಣ್ಣೆಯನ್ನು ಪ್ಯಾಂಟಿಗೆ ಒರೆಸಿದ. "ನಟರಾಜಣ್ಣ, ಕುಯ್ಯಿ."

"ಲೇ, ಅದ್ರಲ್ಲಿ ನಿಂದೂ ಪಾಲದೆ ಕಣ್ಲಾ."

"ಅದೆ ತಾತ. ಅದಕ್ಕೇ ನಾನು ಯೋಳ್ತಿರೋದು."

ನಟರಾಜು ಜವರಯ್ಯನ ಮುಖ ನೋಡಿದ. ರೈಫಲ್ ಅವನದು, ಅವನ ಒಪ್ಪಿಗೆಯಿಲ್ಲದೆ ಗರಗಸ ಎತ್ತುವ ಹಾಗಿರಲಿಲ್ಲ. ಹೊರಗೆ ಸೌದೆ ತುಂಬಿದ ಟ್ರ್ಯಾಕ್ಟರ್ ಒಂದು ಹಾದುಹೋಯಿತು.

"ಕುಯ್ಯಪ್ಪ," ಎಂದ ಜವರಯ್ಯ. ಆಮೇಲೆ ಹೊರಗೆ ಹೋಗಿ ರಸ್ತೆಗೆ ಮುಖ ಮಾಡಿ ನಿಂತ.

"ಅಣ್ಣ," ಎಂದಳು ಅನುಶ್ರೀ, "ಆಮೇಲೆ ನನ್ನ ಜೊತೆ ಮಾತು ಬುಡಬಾರ್ದು."

"ಬುಡಲ್ಲ ಅಂತ ಈಗ್ಲೇ ಎಂಗೆ ಯೋಳ್ಲಿ? ನಾಳೆ ಕಳೀಲಿ."

ನಟರಾಜು ಗೆರೆಯ ಎರಡೂ ಬದಿಗೆ ಟೇಪ್ ಬಿಗಿಯಾಗಿ ಸುತ್ತಿ, ಬಟ್ಟೆ ಇಟ್ಟು, ಬಟ್ಟನ್ನು ಮೇಜಿನ ಅಂಚಿನ ಶಿಕಂಜದ ದವಡೆಗೆ ಕೊಟ್ಟು ಬಿಗಿದ. ಸಣ್ಣ ಹಲ್ಲಿನ ಗರಗಸವನ್ನು ಒತ್ತದೆ ಎಳೆದ. ಅರ್ಧಕ್ಕೆ ಬಂದಾಗ ಮರ ಟಿಕ್ ಎಂದಿತು. ಅವನು ಕೈ ನಿಲ್ಲಿಸಿದ. ಗೆರೆಯಿಂದ ಕೂದಲೆಳೆಯಷ್ಟು ಬಿರುಕು ಟೇಪಿನಡಿಯಿಂದ ಮುಂದಕ್ಕೆ ಹೊರಟಿತ್ತು, ಕೈ ಹಿಡಿಯುವ ಜಾಗದ ಕಡೆಗೆ.

"ಏನಾಯ್ತು?" ಹೊರಗಿನಿಂದಲೇ ಜವರಯ್ಯ ಕೇಳಿದ.

ನಟರಾಜು ಬಿರುಕಿನ ಮೇಲೆ ಇನ್ನೊಂದು ಸುತ್ತು ಟೇಪ್ ಹಾಕಿ, ಬಟ್ಟನ್ನು ಮಗುಚಿ, ಉಳಿದರ್ಧವನ್ನು ಆ ಬದಿಯಿಂದ ಕೊಯ್ಯಲು ಶುರುಮಾಡಿದ. ರಘು ನಳಿಗೆಯ ಕಡೆಯನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿದ. ಅನುಶ್ರೀ ಗರಗಸವನ್ನು ನೋಡಲಿಲ್ಲ, ಬಿರುಕಿನ ತುದಿಯನ್ನೇ ನೋಡುತ್ತಿದ್ದಳು. ಅದು ಮುಂದುವರಿಯಲಿಲ್ಲ. ತುಂಡು ಮರದ ಹೊಟ್ಟಿನ ಮೇಲೆ ಬಿತ್ತು.

ಪ್ಯಾಡನ್ನು ಟೇಪ್ ಸುತ್ತಿ ಕೂರಿಸಿ ಮುಗಿದಾಗ ಆರು ಗಂಟೆ. ಅನುಶ್ರೀ ರೈಫಲ್ ಎತ್ತಿ ಭುಜಕ್ಕಿಟ್ಟಳು. ಕೆನ್ನೆ ತನ್ನ ಜಾಗಕ್ಕೆ ಕೂತಿತು.

ಭಾನುವಾರ ಬೆಳಿಗ್ಗೆ ಅನುಶ್ರೀ ಮೂರನೆಯವಳಾಗಿ ಬಂದು ತಂಡದ ಕೊನೆಯ ಸ್ಥಾನ ಪಡೆದಳು. ಮಧ್ಯಾಹ್ನ ಎರಡಕ್ಕೆ ರಘು ಅದೇ ಗಿಡ್ಡ ಬಟ್‌ನಲ್ಲಿ ತನ್ನ ಸರದಿ ಹೊಡೆದ. ಆಯ್ಕೆಯಾಗಲಿಲ್ಲ.