ಬಾಡಿಗೆ ಕಾರಿನ ಪರದೇಶಿ

ವೇಷ ಹಾಕುವುದರಲ್ಲಿ ಸ್ತ್ರಾತಿಸ್ ಏನೂ ಕಡಿಮೆ ಮಾಡಿರಲಿಲ್ಲ. ಯೌವನದಿಂದ ಸಾಕಿಕೊಂಡು ಬಂದಿದ್ದ ಮೀಸೆಯನ್ನು ಬೋಳಿಸಿದ್ದ. ಬೊಕ್ಕತಲೆಯ ಮೇಲೆ ಹುಲ್ಲಿನ ಟೋಪಿ, ಮೊಣಕಾಲಿನವರೆಗಿನ ಚಡ್ಡಿ, ಬಿಳಿ ಕಾಲುಚೀಲ, ಅದರ ಮೇಲೆ ಚಪ್ಪಲಿ. ಕುತ್ತಿಗೆಯಲ್ಲೊಂದು ಕ್ಯಾಮೆರಾ. ಹಾನ್ಯಾದ ವಿಮಾನ ನಿಲ್ದಾಣದಲ್ಲಿ ತನ್ನ ಜರ್ಮನ್ ಹೆಂಡತಿ ಉಲ್ರಿಕೆಯ ಹೆಸರಿನಲ್ಲಿ ಪುಟ್ಟ ಬಿಳಿ ಕಾರೊಂದನ್ನು ಬಾಡಿಗೆಗೆ ಹಿಡಿದಿದ್ದ. ಬೇಸಿಗೆಯಲ್ಲಿ ಗ್ರೀಸಿನ ಕ್ರೀಟ್ ದ್ವೀಪದ ತುಂಬ ಇಂಥ ಬಿಳಿ ಕಾರುಗಳದೇ ಕಾರುಬಾರು. ಅದರೊಳಗೆ ಯಾರು ಕೂತಿದ್ದಾರೆಂದು ನಾಯಿಯೂ ಮೂಸಿ ನೋಡುವುದಿಲ್ಲ.

ಅವನಿಗೆ ಬೇಕಾಗಿದ್ದದ್ದೂ ಅದೇ. ಅವನು ಹುಟ್ಟಿದ ಅಗ್ರಿಮೋರಿ ಎಂಬ ಬೆಟ್ಟದೂರಿಗೆ ಅವನು ಕಾಲಿಡುವಂತಿರಲಿಲ್ಲ. ಹಿಂದೆ ಅವನ ಅಣ್ಣ, ಕುರಿ ಮೇಯಿಸುವ ಗುಡ್ಡದ ಜಗಳದಲ್ಲಿ, ಎದುರು ಮನೆತನದ ಹುಡುಗನೊಬ್ಬನಿಗೆ ಗುಂಡು ಹಾರಿಸಿ ಕೊಂದ. ಆ ಬೆಟ್ಟದ ಮೇಲೆ ಇದಕ್ಕೆಲ್ಲ ಒಂದು ಕಟ್ಟುಪಾಡಿದೆ. ಕೊಂದವನ ಮನೆಯ ಗಂಡಸರು ಊರು ಬಿಡಬೇಕು, ಹೆಂಗಸರನ್ನು ಯಾರೂ ಮುಟ್ಟಬಾರದು. ಅಣ್ಣ ಜೈಲಿನಲ್ಲಿ ಕಾಯಿಲೆ ಬಿದ್ದು ಸತ್ತ. ಕಾಯಿಲೆಯಿಂದ ಸತ್ತದ್ದು ಸೇಡಿಗೆ ಜಮೆಯಾಗುವುದಿಲ್ಲವಲ್ಲ, ಹಾಗಾಗಿ ಅದು ತಮ್ಮನ ತಲೆಗೆ ಬಂತು. ಗುಂಡು ಹಾರಿದ ದಿನ ಸ್ತ್ರಾತಿಸ್ ಬಂದರಿನಲ್ಲಿ ಮೂಟೆ ಹೊರುತ್ತಿದ್ದ ಎನ್ನುವುದು ಎಲ್ಲರಿಗೂ ಗೊತ್ತಿತ್ತು, ಯಾರಿಗೂ ಬೇಕಿರಲಿಲ್ಲ. ಅವನು ಜರ್ಮನಿಗೆ ಓಡಿದ. ತಾಯಿ ಅರ್ಗಿರೊ ಊರಿನಲ್ಲೇ ಉಳಿದಳು.

ಭಾನುವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತಿದ್ದರು. ಆಮೇಲೆ ಮುದುಕಿಯ ಕಣ್ಣು ಹೋಯಿತು, ಕಿವಿ ಮಂದವಾಯಿತು, ಫೋನು ಬರಿಯ ಗೊರಗೊರ ಆಯಿತು. ಈಗ ಅವಳನ್ನು ನೋಡಿಕೊಳ್ಳುತ್ತಿದ್ದ ಅವನ ಚಿಕ್ಕಪ್ಪನ ಮಗಳು ಎವಂಥಿಯಾ ಹೇಳಿಕಳಿಸಿದ್ದಳು: “ಡಾಕ್ಟ್ರು ಕೈ ಚೆಲ್ಲಿ ಹೋದ್ರು. ಆದ್ರೂ ಸಾಯಾಕೆ ಒಲ್ಲೆ ಅಂತ ಕೂತವ್ಳೆ ನಿಮ್ಮವ್ವ. ನಿನ್ ತಲೆ ಮ್ಯಾಲೆ ಕೈಯಿಟ್ಟು ಹರಸ್ದೆ ಹೋಗಾಕಿಲ್ಲ ಅಂತಾಳೆ. ಏನಾರ ಮಾಡಪ್ಪ.”

ತಾಯಿಯ ಆಶೀರ್ವಾದ ಇಲ್ಲದೆ ಉಳಿದ ಮಗನನ್ನು ಆ ಬೆಟ್ಟದಲ್ಲಿ ಕುಷ್ಠ ತಾಗಿದವನಂತೆ ನೋಡುತ್ತಾರೆ. ಎಷ್ಟು ವರ್ಷ ಜರ್ಮನಿಯ ಕಾರ್ಖಾನೆಯಲ್ಲಿ ದುಡಿದರೂ ಸ್ತ್ರಾತಿಸನ ಒಳಗೆ ಆ ಬೆಟ್ಟ ಹಾಗೆಯೇ ಇತ್ತು. ರಾತ್ರಿ ಕದ್ದು ಬರೋಣವೆಂದರೆ ಊರಿನ ನಾಯಿಗಳು ಬಿಡುವುದಿಲ್ಲ. ಪರಸ್ಥಳದವನು ಹಾಡಹಗಲಲ್ಲಿ ಆ ಊರಿಗೆ ಬಂದರೆ ಯಾರೂ ಏನೂ ಕೇಳದೆ ಇರುವುದು ಅವನು ಪ್ರವಾಸಿಯಾಗಿದ್ದರೆ ಮಾತ್ರ. ಅದಕ್ಕೇ ಈ ಟೋಪಿ, ಈ ಚಡ್ಡಿ, ಈ ಕಾರು.

ಗಂಡಹೆಂಡತಿ ಮೊದಲೆರಡು ದಿನ ಕಡಲತೀರಗಳನ್ನು ಸುತ್ತಿದರು. ಮೂಗು ಕೆಂಪಾಗುವ ತನಕ ಬಿಸಿಲಲ್ಲಿ ಬಿದ್ದುಕೊಂಡರು. ಹಳೆಯ ಅರಮನೆಯ ಕಲ್ಲುಗಳ ಮುಂದೆ ನಿಂತು ಹಲ್ಲು ಕಿರಿದು ಫೋಟೋ ತೆಗೆಸಿಕೊಂಡರು. ದಾರಿಯುದ್ದಕ್ಕೂ ಸ್ತ್ರಾತಿಸ್ ಪ್ರವಾಸಿಗಳು ಓಡಿಸುವ ಹಾಗೆ ಓಡಿಸುವುದನ್ನು ಅಭ್ಯಾಸ ಮಾಡಿದ. ರಸ್ತೆಯ ನಟ್ಟನಡುವೆ ಆಮೆಯಂತೆ ಹೋಗಬೇಕು. ತಿರುವು ಕಂಡರೆ ಬ್ರೇಕು, ಮೇಕೆ ಕಂಡರೆ ಬ್ರೇಕು, ಸಮುದ್ರ ಕಂಡರೆ ಬ್ರೇಕು. ಹಿಂದಿನವರು ಎಷ್ಟು ಬೈದರೂ ಕೇಳಿಸಬಾರದು.

“ತುಂಬ ಚೆನ್ನಾಗಿ ಕೆಟ್ಟದಾಗಿ ಓಡಿಸ್ತೀಯ,” ಎಂದು ಉಲ್ರಿಕೆ ನಕ್ಕಳು. ಅವಳು ಕಷ್ಟಪಟ್ಟು ಗ್ರೀಕ್ ಕಲಿತಿದ್ದಳು, ಅದೂ ಭಾನುವಾರದ ಫೋನಿನಲ್ಲಿ ಅತ್ತೆಗೆ ಒಂದೆರಡು ಮಾತಾಡಲಿಕ್ಕೆ. ಆ ಅತ್ತೆಯನ್ನು ಅವಳು ಇನ್ನೂ ಕಂಡಿರಲಿಲ್ಲ. “ನಾಳೆ ನಾನು ಮನೆ ಮುಂದೆ ಇಳಿದು ನೀರು ಕೇಳ್ತೀನಿ. ನೀನು ನನ್ನ ಹಿಂದೆ ಒಳಗೆ ಬಾ. ಐದು ನಿಮಿಷ ಸಾಕಾ?”

“ತಲೆ ಬಗ್ಗಿಸಿ ಕೂರೋಕೆ ಎಷ್ಟು ಹೊತ್ತು ಬೇಕು?” ಅಂದ ಸ್ತ್ರಾತಿಸ್.

ಮರುದಿನ ಮಧ್ಯಾಹ್ನ ಬೆಟ್ಟ ಹತ್ತಿದರು. ಗುಂಡೇಟು ತಿಂದು ತೂತಾದ ಊರ ಹೆಸರಿನ ಹಲಗೆ ಬಂತು. ಅದರಾಚೆ ಎರಡು ತಿರುವು, ಆಮೇಲೆ ಕಾಫಿ ಅಂಗಡಿ, ಅದರ ಮೇಲ್ಗಡೆಯ ಓಣಿಯಲ್ಲಿ ಅವನ ಮನೆ. ಬಾಗಿಲಲ್ಲಿ ಕುರ್ಚಿ ಹಾಕಿ ಮುದುಕಿಯನ್ನು ಕೂರಿಸಿದ್ದು ದೂರದಿಂದಲೇ ಕಂಡಿತು. ಕರಿಬಟ್ಟೆಯ ಒಂದು ಸಣ್ಣ ಗಂಟು, ಅಷ್ಟೇ. ಸ್ತ್ರಾತಿಸನ ಕಣ್ಣು ಅಲ್ಲೇ ನೆಟ್ಟಿತು. ಆಗಲೇ ಹಿಂದಿನಿಂದ ಒಂದು ಪಿಕಪ್ಪು ಬಂದು ಹಾರ್ನ್ ಹೊಡೆಯಿತು.

ಅವನ ಕೈ ಅವನನ್ನು ಕೇಳಲಿಲ್ಲ. ಕಾರಿನ ಬಲಗಡೆಯ ಚಕ್ರಗಳನ್ನು ರಸ್ತೆಯ ಅಂಚಿನ ಮಣ್ಣಿಗೆ ಇಳಿಸಿ, ವೇಗ ತಗ್ಗಿಸದೆ, ಅರ್ಧ ರಸ್ತೆ ಬಿಟ್ಟುಕೊಟ್ಟ. ಪಿಕಪ್ಪು ಪಕ್ಕದಿಂದ ದಾಟುವಾಗ ಸ್ಟಿಯರಿಂಗಿನ ಮೇಲಿನ ಕೈಯಿಂದ ಎರಡು ಬೆರಳೆತ್ತಿದ. ಅಪ್ಪನಿಂದ ಓಡಿಸಲು ಕಲಿತ ದಿನದಿಂದ ಹಾಗೆಯೇ ಮಾಡಿದ್ದ, ಆ ದ್ವೀಪದಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರೆ.

ಪಿಕಪ್ಪು ಮುಂದೆ ಹೋಗಿ ಕಾಫಿ ಅಂಗಡಿಯ ಎದುರು ರಸ್ತೆಗೆ ಅಡ್ಡವಾಗಿ ನಿಂತಿತು. ಅದರಿಂದ ಕರಿಯಂಗಿಯ, ದಟ್ಟ ತಲೆಗೂದಲಿನ ಗಂಡಸೊಬ್ಬ ಇಳಿದು ಎರಡೂ ಕೈಯಗಲಿಸಿ ನಗುತ್ತ ಬಂದ. ಸ್ತ್ರಾತಿಸನಿಗೆ ಗುರುತು ಸಿಕ್ಕಿತು. ಸತ್ತ ಹುಡುಗನ ತಮ್ಮ ವಾರ್ದಿಸ್.

“ವೆಲ್ಕಂ! ವೆಲ್ಕಂ!” ಎಂದ ವಾರ್ದಿಸ್, ಪ್ರವಾಸಿಗಳಿಗೆಂದು ಇಟ್ಟುಕೊಂಡ ನಾಲ್ಕು ಇಂಗ್ಲಿಷ್ ಮಾತಿನಲ್ಲಿ. “ಡ್ರಿಂಕ್! ಮೈ ಗೆಸ್ಟ್!”

ಬೆಟ್ಟದವರು ಕರೆದು ಕುಡಿಸುವುದು ಹೊಸದೇನಲ್ಲ, ಪ್ರವಾಸಿಗಳು ಇಲ್ಲವೆನ್ನುವುದೂ ಇಲ್ಲ. ಇಳಿಯದೆ ದಾರಿಯಿರಲಿಲ್ಲ. ಇಬ್ಬರನ್ನೂ ಚಪ್ಪರದ ಕೆಳಗೆ ಕೂರಿಸಿದರು. ರಾಕಿ ಸಾರಾಯಿ ಬಂತು, ಆಕ್ರೋಟ ಬಂತು, ಗಿಣ್ಣು ಬಂತು. ಸುತ್ತ ಐದಾರು ಗಂಡಸರು ಕುರ್ಚಿ ಎಳೆದುಕೊಂಡರು. ವಾರ್ದಿಸ್ ಸೊಂಟದಿಂದ ಪಿಸ್ತೂಲು ತೆಗೆದು, ಕೂರಲು ಚುಚ್ಚುತ್ತದೆ ಎನ್ನುವವನ ಹಾಗೆ, ಆಕ್ರೋಟದ ತಟ್ಟೆಯ ಪಕ್ಕ ಇಟ್ಟ. ಆಮೇಲೆ ತನ್ನ ಮಾವನ ಕಡೆ ತಿರುಗಿ ಊರ ಮಾತಿನಲ್ಲಿ ಹೇಳಿದ:

“ಈ ಜರ್ಮನಿಯವ್ನು ನಂಗೆ ದಾರಿ ಬಿಟ್ಟ ಕಣ್ ಮಾವ.”

“ಬಿಟ್ರೆ ಒಳ್ಳೇದಲ್ವೇನ್ಲಾ?”

“ಬಾಡಿಗೆ ಕಾರಿನವ್ನು ಯಾವತ್ತಾರ ದಾರಿ ಬಿಟ್ಟಿದ್ದು ಕಂಡಿದ್ದೀಯಾ ನೀನು? ಮಣ್ಣಿಗೆ ಚಕ್ರ ಇಳಿಸ್ದ. ಬೆಳ್ಳೆತ್ತಿ ನಮಸ್ಕಾರಾನೂ ಹಾಕ್ದ. ನಮ್ಮ ಹೈಕ್ಳಿಗಿಂತ ಚೆಂದಾಗಿ ಹಾಕ್ದ.”

ಸ್ತ್ರಾತಿಸ್ ಏನೂ ಅರ್ಥವಾಗದವನಂತೆ ಹಲ್ಲು ಬಿಟ್ಟುಕೊಂಡು ಕೂತ. ಟೋಪಿಯೊಳಗಿಂದ ಬೆವರು ಕಿವಿಯ ಹಿಂದೆ ಇಳಿಯುತ್ತಿತ್ತು. ಮೂರ್ಖ, ಮೂರ್ಖ ಎಂದು ತನ್ನನ್ನೇ ಬೈದುಕೊಂಡ.

ವಾರ್ದಿಸ್ ಅವನ ಲೋಟ ತುಂಬಿದ. “ನಂಗೇನೂ ಅವಸರವಿಲ್ಲ. ಇವ್ನು ಪರದೇಶದವ್ನಾದ್ರೆ ನನ್ ಅತಿಥಿ, ಇವ್ನ ಕೂದ್ಲೂ ಕೊಂಕದಂಗೆ ಕಳಿಸ್ತೀನಿ. ಹರಸಾಕೆ ಅಂತ ಅರ್ಗಿರೊ ಮುದುಕಿ ಕಾಯ್ತಿರೋ ಮಗನಾದ್ರೆ ಬಾಯ್ಬಿಟ್ಟು ಹೇಳ್ಲಿ, ನಾನು ಮಾಡೋದು ಮಾಡ್ತೀನಿ. ಎರಡ್ರಲ್ಲಿ ಯಾವ್ದು ಅಂತ ಅವ್ನೇ ತೀರ್ಮಾನ ಮಾಡ್ಲಿ.” ಇಷ್ಟನ್ನೂ ನಗುನಗುತ್ತಲೇ, ಸ್ತ್ರಾತಿಸನ ಕಣ್ಣನ್ನೇ ನೋಡುತ್ತ ಹೇಳಿ, ಲೋಟಕ್ಕೆ ಲೋಟ ತಾಗಿಸಿದ. “ಚಿಯರ್ಸ್!”

“ಚಿಯರ್ಸ್,” ಎಂದ ಸ್ತ್ರಾತಿಸ್.

“ಪಾಪ, ಆ ಮುದುಕಿ ಮಗ ಮೊದ್ಲಿಂದಾನೂ ಪುಕ್ಲ,” ಎಂದ ಒಬ್ಬ.

“ಹೂಂ ಮತ್ತೆ. ಕುರಿ ಕೊಯ್ಯುವಾಗ ಅವ್ವನ ಲಂಗದ ಹಿಂದೆ ಅಡಗ್ತಿದ್ದ,” ಎಂದ ಮಾವ. ಎಲ್ಲರೂ ನಕ್ಕರು. ಸ್ತ್ರಾತಿಸನೂ ನಗಬೇಕಾಯಿತು. ಎಲ್ಲರೂ ನಗುವಾಗ ಪ್ರವಾಸಿಯೂ ನಗುತ್ತಾನಲ್ಲ.

ಉಲ್ರಿಕೆ ಜರ್ಮನ್‌ನಲ್ಲಿ, ತುಟಿ ಅಲ್ಲಾಡಿಸದೆ ಹೇಳಿದಳು: “ಅವರಿಗೆ ಗೊತ್ತಾಗಿದೆ. ಎದ್ದು ಹೋಗೋಣ.”

“ಕಾರಿಗೆ ಪಿಕಪ್ಪು ಅಡ್ಡ ಇದೆ. ಸುಮ್ಮನೆ ಕೂತ್ಕೋ.”

ಅಷ್ಟರಲ್ಲಿ ವಾರ್ದಿಸ್ ಎದ್ದ. ನೆಟ್ಟಗೆ ಓಣಿ ಹತ್ತಿದ. ಸ್ವಲ್ಪ ಹೊತ್ತಿನಲ್ಲೇ ಅರ್ಗಿರೊ ಮುದುಕಿಯನ್ನು ಕುರ್ಚಿಯ ಸಮೇತ ಎತ್ತಿಕೊಂಡು, ಒಂದು ಹೆಜ್ಜೆಯೂ ಕುಲುಕದಂತೆ ಜೋಪಾನವಾಗಿ ಇಳಿದು ಬಂದ. ಹಿಂದೆ ಎವಂಥಿಯಾ ಬಾಯಿಗೆ ತಲೆವಸ್ತ್ರದ ತುದಿ ಒತ್ತಿಕೊಂಡು ಓಡಿ ಬಂದಳು. ಅವಳು ಸ್ತ್ರಾತಿಸನನ್ನು ನೋಡಿದಳು, ಪಿಸ್ತೂಲನ್ನು ನೋಡಿದಳು, ಗೋಡೆಗೆ ಒರಗಿ ನಿಂತಳು. ಅವಳು ನಾಳೆಯೂ ಇದೇ ಊರಲ್ಲಿ ಬಾಳಬೇಕಿತ್ತು.

ವಾರ್ದಿಸ್ ಕುರ್ಚಿಯನ್ನು ಮೇಜಿನ ಪಕ್ಕ ಇಳಿಸಿದ. ತಾಯಿಯ ಮೊಣಕಾಲು ಮಗನ ಮೊಣಕಾಲಿಗೆ ತಾಗುವಷ್ಟು ಹತ್ತಿರ. ಅವಳಿಂದ ಲೋಬಾನದ, ಹಳೆಯ ಉಣ್ಣೆಯ ವಾಸನೆ ಬರುತ್ತಿತ್ತು. ಕಣ್ಣುಗಳ ಮೇಲೆ ಬಿಳಿಯ ಪೊರೆ. “ಯಾರು? ಯಾರಪ್ಪ ಎತ್ಕೊಂಡ್ ಬಂದಿದ್ದು?” ಎಂದು ಗಾಳಿಯಲ್ಲಿ ಕೈಯಾಡಿಸಿದಳು.

ವಾರ್ದಿಸ್ ಚಪ್ಪರದಡಿ ಇದ್ದವರನ್ನೆಲ್ಲ ಒಮ್ಮೆ ನೋಡಿದ. “ನಮ್ಮಣ್ಣ ಸತ್ತ ದಿನ ನಮ್ಮವ್ವ ಅವ್ನ ತಣ್ಣಗಾದ ಹಣೆ ಮ್ಯಾಲೆ ಕೈಯಿಟ್ಟು ಹರಸಿದ್ಲು,” ಎಂದ ಮೆಲ್ಲಗೆ. ಈಗ ಅವನ ಮುಖದಲ್ಲಿ ನಗು ಇರಲಿಲ್ಲ. “ಇಲ್ಲಿ ಯಾರಾರ ಈ ಮುದುಕಿ ಮಗ ಅಂತ ಇದ್ರೆ, ಈಗ ಹೇಳ್ಬೇಕು.”

ಕಾದ. ನಿಜವಾಗಿಯೂ ಕಾದ. ಉಲ್ರಿಕೆ ಗಂಡನ ತೋಳನ್ನು ಉಗುರು ಇಳಿಯುವಂತೆ ಹಿಡಿದು, “ಹೇಳು! ಹೆಂಗಸರ ಎದುರಿಗೆ ಏನೂ ಮಾಡಲ್ಲ, ಹೇಳು!” ಎಂದು ಜರ್ಮನ್‌ನಲ್ಲಿ ಅಂದಳು. ಸ್ತ್ರಾತಿಸ್ ಬಾಯಿ ತೆರೆದ. ಪಿಸ್ತೂಲು ನೋಡಿದ. ಇವರು ಹೆಂಗಸರ ಎದುರಿಗೇ ಮಾಡುತ್ತಾರೆಂದು ಅವನಿಗೆ ಗೊತ್ತಿತ್ತು. ಬಾಯಿ ಮುಚ್ಚಿದ.

ಆಗ ವಾರ್ದಿಸ್ ಮುದುಕಿಯ ಮುಂದೆ ಮೊಣಕಾಲೂರಿ, ಅವಳ ಕಿವಿಗೆ ಬಾಯಿಟ್ಟು ಜೋರಾಗಿ ಕೂಗಿದ: “ಅವ್ವಾ! ನಾನು ಕಣವ್ವಾ! ಸ್ತ್ರಾತಿಸ್!”

ಮುದುಕಿ ಉಸಿರು ಹಿಡಿದಳು. “ಬಂದ್ಯಾ ಮಗಾ?”

“ಬಂದೆ ಕಣವ್ವಾ.”

“ಎವಂಥಿಯಾ ಹೇಳ್ದಾಗಿಂದ ಊಟಾನೇ ಸೇರ್ಲಿಲ್ಲ ನಂಗೆ.” ಅವಳ ಎರಡೂ ಕೈ ಅವನ ತಲೆಗೆ ಬಂದವು. ಕೂದಲಲ್ಲಿ ಬೆರಳು ಹಾಯಿಸಿದಳು. ಮುಖವೆಲ್ಲ ಅರಳಿತು. “ಅಯ್ಯೋ ನನ್ನಪ್ಪ, ಇನ್ನೂ ಎಷ್ಟ್ ಕೂದ್ಲೋ ನಿಂಗೆ! ನಿಮ್ಮಪ್ಪನಂಗೆ ಬೋಳಾಗೋಯ್ತಾನೇನೋ ಅಂದ್ಕಂಡಿದ್ದೆ.”

ಟೋಪಿಯ ಕೆಳಗೆ ಸ್ತ್ರಾತಿಸನ ಬೋಳುತಲೆ ಸುಡುತ್ತಿತ್ತು.

“ಅವ್ರು ಯಾರೂ ನೋಡ್ಲಿಲ್ವಾ ನಿನ್ನ?” ಮುದುಕಿ ದನಿ ತಗ್ಗಿಸಿದಳು. “ವಾರ್ದಿಸ್ ಊರಾಗೇ ಅವ್ನೆ, ಹುಷಾರು ಮಗಾ. ಕೆಟ್ಟೋನಲ್ಲ ಅವ್ನು. ಅವ್ರವ್ವ ಮಗನ್ನ ನೆನ್ಸ್ಕಂಡು ನೆನ್ಸ್ಕಂಡೇ ಸತ್ಲು. ಅವ್ಳ ಹೆಸ್ರಲ್ಲೂ ನಾನು ಗುಡೀಲಿ ದಿನಾ ಒಂದು ಮೇಣದ ಬತ್ತಿ ಹಚ್ಚಿಸ್ತೀನಿ.”

ವಾರ್ದಿಸನ ಕುತ್ತಿಗೆಯ ನರವೊಂದು ಹಾರಿತು. ಮಾವ ನೆಲ ನೋಡಿದ. “ಸಾಕು ಬಿಡ್ಲಾ, ಎದ್ದೇಳು,” ಎಂದು ಗೊಣಗಿದ. ವಾರ್ದಿಸ್ ಏಳಲಿಲ್ಲ. “ಯಾರೂ ನೋಡ್ಲಿಲ್ಲ ಕಣವ್ವಾ,” ಎಂದು ಕೂಗಿ, ತಲೆಯನ್ನು ಇನ್ನಷ್ಟು ಬಗ್ಗಿಸಿದ. “ಹರಸು.”

ಅವಳು ಹರಸಿದಳು. ಆತುರವಿಲ್ಲದೆ, ಇಷ್ಟು ವರ್ಷ ಕೂಡಿಟ್ಟದ್ದನ್ನೆಲ್ಲ ಒಂದನ್ನೂ ಉಳಿಸಿಕೊಳ್ಳದೆ ಹರಸಿದಳು. ಮಣ್ಣು ಮುಟ್ಟಿದರೆ ಚಿನ್ನವಾಗಲಿ ಎಂದಳು. ಹಾಸಿಗೆಯಲ್ಲಿ ಸಾಯುವ ಭಾಗ್ಯ ಬರಲಿ, ಮಕ್ಕಳ ಮಕ್ಕಳನ್ನು ಕಾಣು ಎಂದಳು. ನನ್ನಿಂದ ನಿನಗೆ ಯಾವ ನೋವೂ ಬಾಕಿಯಿಲ್ಲ, ನಿನ್ನಿಂದ ನನಗೂ ಬಾಕಿಯಿಲ್ಲ ಎಂದಳು. ಗಾಳಿಯಲ್ಲಿ ಮೂರು ಸಲ ಶಿಲುಬೆಯ ಗುರುತು ಮಾಡಿ ಅವನ ನೆತ್ತಿಗೆ ಮುತ್ತಿಟ್ಟಳು. ಸ್ತ್ರಾತಿಸ್ ಒಂದೊಂದು ಮಾತನ್ನೂ ಕೇಳಿದ. ಅವನು ಕೈ ಚಾಚಿದರೆ ಅವಳ ಲಂಗದ ಅಂಚು ಸಿಗುತ್ತಿತ್ತು.

ಉಲ್ರಿಕೆ ಗಂಡನ ತೋಳು ಬಿಟ್ಟಳು. ತನ್ನ ಕುರ್ಚಿಯನ್ನು ಅವನಿಂದ ಒಂದಷ್ಟು ದೂರಕ್ಕೆ ಸರಿಸಿಕೊಂಡಳು. ತಾನೇ ಹೇಳಿಬಿಡೋಣವೆಂದರೆ ಅವಳ ಗ್ರೀಕ್ ಅಷ್ಟಕ್ಕೆ ಸಾಲುತ್ತಿರಲಿಲ್ಲ.

ಮುದುಕಿ ಮಡಿಲಿನಿಂದ ಬಟ್ಟೆಯ ಸಣ್ಣ ಗಂಟು ಬಿಚ್ಚಿದಳು. ಒಳಗೆ ಜೇನು ಸವರಿದ ಕರಿದ ತಿಂಡಿ, ಹಬ್ಬಕ್ಕೆ ಮಾಡುವಂಥದ್ದು. “ತಿನ್ನು ಮಗಾ, ನಿಂಗಂತಾನೇ ಮಾಡ್ಸಿದ್ದು.” ವಾರ್ದಿಸ್ ಒಂದನ್ನು ತಿಂದ.

ಮುದುಕಿ ತಲೆ ಎತ್ತಿದಳು. ತನ್ನ ಮೊಣಕಾಲಿಗೆ ತಾಗಿದ ಇನ್ನೊಂದು ಮೊಣಕಾಲು ನಡುಗುತ್ತಿರುವುದು ಅವಳಿಗೆ ಗೊತ್ತಾಗಿರಬೇಕು. “ಇಲ್ಲಿ ಪಕ್ಕದಾಗೆ ಕೂತಿರೋರು ಯಾರು?”

“ಪರದೇಶದವ್ನು ಕಣವ್ವಾ!” ಎಂದು ವಾರ್ದಿಸ್ ಕೂಗಿದ. “ಬಾಡಿಗೆ ಕಾರು ತಗಂಡು ಊರು ನೋಡಾಕೆ ಬಂದವ್ನೆ!”

“ಅಯ್ಯೋ ಪಾಪ. ಅಷ್ಟ್ ದೂರದಿಂದ ಬಂದವ್ನೆ. ಅವ್ರವ್ವ ಎಲ್ಲಿ ದಾರಿ ಕಾಯ್ತಾ ಕೂತವ್ಳೋ. ಅವ್ನಿಗೂ ಒಂದು ಕೊಡು ಮಗಾ.”

ವಾರ್ದಿಸ್ ಗಂಟಿನಿಂದ ಒಂದನ್ನು ತೆಗೆದು ಸ್ತ್ರಾತಿಸನ ಅಂಗೈಯಲ್ಲಿಟ್ಟ. ಚಪ್ಪರದ ಕೆಳಗೆ ಎಲ್ಲರೂ ನೋಡುತ್ತಿದ್ದರು. ಸ್ತ್ರಾತಿಸ್ ಅದನ್ನು ಬಾಯಿಗಿಟ್ಟುಕೊಂಡು ಅಗಿದ.

“ಗುಡ್?” ಎಂದು ಕೇಳಿದ ವಾರ್ದಿಸ್.

“ವೆರಿ ಗುಡ್,” ಎಂದ ಸ್ತ್ರಾತಿಸ್.